ಟೊಳ್ಳಾಗುವ ಮೂಳೆ

ಕಲಾವಿಭಾಗದಲ್ಲಿ ಓದುತ್ತಿರುವವಳು ವೈದ್ಯವಿಷಯವನ್ನು ಕುರಿತು ಬರೆಯಹೊರಟಿರುವುದು ಅಧಿಕಪ್ರಸಂಗವೆಂದು ಕೆಲವರಿಗಾದರೂ ತೋರಬಹುದು. ಆದರೆ ನಮ್ಮ ಮನೆಯಲ್ಲಿ ಆಸ್ಪತ್ರೆಯ ಚೀಟಿಯನ್ನು ಓದಬಲ್ಲವಳು ನಾನೊಬ್ಬಳೇ. ಓದಿದುದನ್ನು ಅವ್ವನಿಗೆ ತಿಳಿಯಹೇಳಬೇಕಾಗಿ ಬಂದಾಗ, ನನಗೇ ತಿಳಿಯದಿದ್ದುದು ಎಷ್ಟೆಂಬುದು ಗೊತ್ತಾಯಿತು. ಆ ಬಳಿಕ ಕೇಳಿ, ಓದಿ ತಿಳಿದುಕೊಂಡುದನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ನಮ್ಮ ಅಜ್ಜಿ ಹಿತ್ತಲಿನಲ್ಲಿ ಜಾರಿ, ಅಂಗೈ ಊರಿ ಬಿದ್ದು, ಮಣಿಕಟ್ಟು ಮುರಿದುಕೊಂಡಾಗ ನಾನು ಎಂಟನೆಯ ತರಗತಿಯಲ್ಲಿದ್ದೆ. ನಾಟಿ ವೈದ್ಯರು ಬಿದಿರ ದಬ್ಬೆ ಕಟ್ಟಿದರು. ಕೈ ತುಸು ಸೊಟ್ಟಗೆ ಕೂಡಿಕೊಂಡಿತು. ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಮೂಳೆ ಏಕೆ ಮುರಿಯಬೇಕು ಎಂದು ಯಾರೂ ಕೇಳಲಿಲ್ಲ. “ವಯಸ್ಸಾಯ್ತಲ್ಲವ್ವ, ಮೂಳೆ ಲಡ್ಡಾಗದೆ ಇರ್ತದಾ?” ಎಂದು ಅಜ್ಜಿಯೇ ನಕ್ಕಳು. ಅಷ್ಟರಲ್ಲಾಗಲೇ ಅವಳ ಬೆನ್ನು ಬಾಗಿತ್ತು. ಮೊದಲು ಎಟುಕುತ್ತಿದ್ದ ಗೋಡೆಯ ಗೂಡು ಎಟುಕದಾಗಿತ್ತು. ನಾಲ್ಕು ವರ್ಷಗಳ ಮೇಲೆ ಹೊಸ್ತಿಲು ಎಡವಿ, ಸೊಂಟದ ಕೀಲಿನ ಬಳಿ ತೊಡೆಮೂಳೆ ಮುರಿಯಿತು. ಈ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಬೇಡವೆಂದು ಮನೆಯ ಹಿರಿಯರು ತೀರ್ಮಾನಿಸಿದರು. ಹಾಸಿಗೆ ಹಿಡಿದು, ಬೆನ್ನು ಹುಣ್ಣಾಗಿ, ಏಳನೆಯ ತಿಂಗಳಲ್ಲಿ ತೀರಿಕೊಂಡಳು. ಇಂಥ ಮುರಿತಕ್ಕೆ ಆದಷ್ಟು ಬೇಗ ಶಸ್ತ್ರಚಿಕಿತ್ಸೆ ಮಾಡಿ, ರೋಗಿಯನ್ನು ಎಬ್ಬಿಸಿ ನಡೆಸಬೇಕೆಂಬುದು ವೈದ್ಯರ ಮತ. ವಯಸ್ಸೊಂದೇ ಅದಕ್ಕೆ ಅಡ್ಡಿಯಲ್ಲ. ಇದು ನನಗೆ ತಿಳಿದುದು ಆಮೇಲೆ.

ಬಾಗಿದ ಬೆನ್ನು, ಮುರಿದ ಮಣಿಕಟ್ಟು, ಮುರಿದ ಸೊಂಟ, ಈ ಮೂರೂ ಒಂದೇ ರೋಗದ ಗುರುತುಗಳಾಗಿರಬಹುದು. ಅದರ ಹೆಸರು ಆಸ್ಟಿಯೋಪೊರೋಸಿಸ್. ಕನ್ನಡದಲ್ಲಿ ಅಸ್ಥಿರಂಧ್ರತೆ ಎನ್ನುತ್ತಾರೆ. ನಮ್ಮ ಕಡೆ ‘ಮೂಳೆ ಸವೆತ’ ಎಂಬ ಮಾತೇನೋ ಉಂಟು, ಆದರೆ ಮಂಡಿಯ ಕೀಲು ಸವೆದು ನೋಯುವುದನ್ನೂ ಜನ ಹಾಗೆಯೇ ಕರೆಯುವುದರಿಂದ ಎರಡೂ ಕಲಸಿಹೋಗಿವೆ. ಕೀಲಿನ ಸವೆತ ನೋವಿನಿಂದ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಅಸ್ಥಿರಂಧ್ರತೆಯಲ್ಲಿ ಮೂಳೆ ಮುರಿಯುವವರೆಗೆ ನೋವೇ ಇರುವುದಿಲ್ಲ. ಹೆಂಚಿನ ಮನೆಯ ತೊಲೆ ಹೊರಗೆ ನೆಟ್ಟಗೆ ಕಾಣುತ್ತಲೇ ಒಳಗೆ ಗೆದ್ದಲಿಗೆ ತುತ್ತಾಗುವ ಹಾಗೆ. ಬೆನ್ನುಹುರಿಯನ್ನು ಕಾಯುವ ಕಶೇರುಮಣಿಗಳಂತೂ ಬೀಳದಿದ್ದರೂ ಒಳಗೊಳಗೇ ಕುಸಿಯಬಲ್ಲವು. ಯೌವನದಲ್ಲಿದ್ದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರಿನಷ್ಟು ಕುಗ್ಗಿದವರ ಬೆನ್ನನ್ನು ಪರೀಕ್ಷಿಸಬೇಕೆನ್ನುವುದು ಇದಕ್ಕಾಗಿಯೇ.

ಮೂಳೆ ಕಲ್ಲಿನಂತೆ ಜಡವಸ್ತುವೆಂದು ನಾನು ತಿಳಿದಿದ್ದೆ. ಅದು ಜೀವವುಳ್ಳದ್ದು. ಹಳೆಯ ಮೂಳೆಯನ್ನು ಕರಗಿಸುವ ಜೀವಕೋಶಗಳೂ, ಹೊಸದನ್ನು ಕಟ್ಟುವ ಜೀವಕೋಶಗಳೂ ಅದರಲ್ಲಿ ಎಡೆಬಿಡದೆ ದುಡಿಯುತ್ತಿರುತ್ತವೆ. ಸುಮಾರು ಹತ್ತು ವರ್ಷಗಳಲ್ಲಿ ಅಸ್ಥಿಪಂಜರದ ಬಹುಭಾಗ ಹೊಸದಾಗಿಬಿಡುತ್ತದೆ. ಮೂವತ್ತರ ಸುಮಾರಿನವರೆಗೆ ಕಟ್ಟುವ ಕೈ ಮೇಲು. ಆಮೇಲೆ ಮೆಲ್ಲಮೆಲ್ಲನೆ ಕೆಡವುವ ಕೈ ಮೇಲಾಗುತ್ತದೆ. ಹೆಂಗಸರಲ್ಲಿ ಈ ಕೆಡವುವಿಕೆಗೆ ಕಡಿವಾಣ ಹಾಕಿರುವುದು ಈಸ್ಟ್ರೋಜನ್ ಎಂಬ ರಸ. ಮುಟ್ಟು ನಿಂತೊಡನೆ ಅದು ಇಳಿದು, ಮುಂದಿನ ಕೆಲವು ವರ್ಷ ಮೂಳೆಯ ನಷ್ಟ ಬಲು ಬೇಗ ಸಾಗುತ್ತದೆ. ಅಮೆರಿಕದ ಫುಲ್ಲರ್ ಆಲ್‌ಬ್ರೈಟ್ ಮತ್ತು ಸಂಗಡಿಗರು ೧೯೪೧ರಲ್ಲೇ ಈ ನಂಟನ್ನು ವಿವರಿಸಿದ್ದರು. ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆಸಿಕೊಂಡ ಹೆಂಗಸರಿಗೆ ಈ ನಷ್ಟ ಅಂದಿನಿಂದಲೇ ಮೊದಲಾಗುತ್ತದೆ. ಉಬ್ಬಸಕ್ಕೋ ಕೀಲುವಾತಕ್ಕೋ ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗುವವರಿಗೂ, ತಂಬಾಕು ಮದ್ಯಗಳಿಗೆ ಒಗ್ಗಿದವರಿಗೂ ಇದರ ಭಯವುಂಟು. ಗಂಡಸರು ಇದರಿಂದ ಪಾರೆಂದು ತಿಳಿಯಬಾರದು.

ನನ್ನನ್ನು ಬಹಳ ಕಾಡಿದ ಪ್ರಶ್ನೆಯೊಂದಿತ್ತು. ರಾಗಿ ತಿಂದವನ ಮೂಳೆ ಗಟ್ಟಿ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಬಾಳೆಲ್ಲ ಮುದ್ದೆ ಉಂಡು, ಬಿಸಿಲಲ್ಲಿ ಕಳೆ ಕಿತ್ತ ಅಜ್ಜಿಗೆ ಹೀಗೇಕಾಯಿತು? ರಾಗಿಯ ಹಿರಿಮೆ ಸುಳ್ಳಲ್ಲ: ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣಾಂಶವಿದೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತೂ ಇಲ್ಲ. ಆದರೆ ರಾಗಿಯಲ್ಲಿರುವುದೆಲ್ಲ ಮೈಗೆ ಹತ್ತುವುದಿಲ್ಲ, ಮೊಳಕೆ ಕಟ್ಟಿದರೆ ತುಸು ಹೆಚ್ಚು ಹತ್ತುತ್ತದೆ. ಮುಟ್ಟು ನಿಂತ ಹೆಂಗಸಿಗೆ ದಿನಕ್ಕೆ ೧೨೦೦ ಮಿಲಿಗ್ರಾಂ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ೨೦೨೦ರ ಲೆಕ್ಕ. ಅಜ್ಜಿ ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದುದನ್ನು ಉಣ್ಣುತ್ತಿದ್ದಳು. ಹಾಲು ಡೈರಿಗೆ ಹೋಗುತ್ತಿತ್ತು. ತೀರ ತೆಳ್ಳಗಿನ ಮೈಯೂ ಈ ರೋಗಕ್ಕೆ ಒಂದು ಕಾರಣ. ರಾಗಿಯನ್ನು ದೂರಿ ಫಲವಿಲ್ಲ.

ಕಳೆದ ವರ್ಷ ಅವ್ವನಿಗೆ ಬೆನ್ನುನೋವು ಬಂದಿತು. ಅವಳಿಗೆ ಐವತ್ತೊಂದು, ಇಪ್ಪತ್ತು ವರ್ಷ ಮನೆಯೊಳಗೆ ಹೊಲಿಗೆ ಯಂತ್ರದ ಮುಂದೆ ಕುಳಿತು ನನ್ನನ್ನು ಓದಿಸಿದವಳು. ಅಜ್ಜಿಯ ಸಂಗತಿಯನ್ನು ನಾನು ವೈದ್ಯರಿಗೆ ತಿಳಿಸಿದೆ. ತಾಯಿಗೋ ತಂದೆಗೋ ಸೊಂಟ ಮುರಿದಿದ್ದರೆ ಮಕ್ಕಳಿಗೂ ಅಪಾಯ ಹೆಚ್ಚೆಂದು ಹೇಳಿ, ಅವರು ನಗರಕ್ಕೆ ಡೆಕ್ಸಾ ಪರೀಕ್ಷೆಗೆ ಕಳಿಸಿದರು. ಸುಮ್ಮನೆ ಮಲಗಿದ್ದರಾಯಿತು, ಅತಿ ಕಡಿಮೆ ಕ್ಷಕಿರಣದಿಂದ ಮೂಳೆಯ ಸಾಂದ್ರತೆಯನ್ನು ಅಳೆಯುತ್ತಾರೆ. ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರವಿಟ್ಟು ಹೇಳುವುದು ಒಂದು ಸೂಚನೆ ಮಾತ್ರ. ಡೆಕ್ಸಾದ ಫಲವನ್ನು ಆರೋಗ್ಯವಂತ ಯುವಜನರ ಮೂಳೆಯೊಡನೆ ಹೋಲಿಸಿ ‘ಟಿ’ ಅಂಕವಾಗಿ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ೧೯೯೪ರಲ್ಲಿ ಗೊತ್ತುಮಾಡಿದಂತೆ ಮೈನಸ್ ೨.೫ ಅಥವಾ ಅದಕ್ಕಿಂತ ಕೆಳಗಿದ್ದರೆ ಅಸ್ಥಿರಂಧ್ರತೆ. ಅವ್ವನದು ಮೈನಸ್ ೨.೮. ಚೀಟಿಯನ್ನು ಬಸ್‌ನಿಲ್ದಾಣದಲ್ಲಿ ಎರಡು ಬಾರಿ ಓದಿದೆ. “ಪಾಸಾ, ಫೇಲಾ?” ಎಂದು ಅವ್ವ ಕೇಳಿದಳು.

ರಕ್ತದಲ್ಲಿ ಡಿ ಜೀವಸತ್ವವೂ ಕಡಿಮೆಯಿತ್ತು. ಅದಿಲ್ಲದೆ ತಿಂದ ಸುಣ್ಣಾಂಶ ಸರಿಯಾಗಿ ಮೈಗೂಡುವುದಿಲ್ಲ. ಮೊದಲು ಅದನ್ನು ತುಂಬಿ, ಬಳಿಕ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಬರೆದುಕೊಟ್ಟರು. ಕೆಡವುವ ಜೀವಕೋಶಗಳ ಕೈಕಟ್ಟುವುದು ಇದರ ಕೆಲಸ. ಕೆಲವು ವರ್ಷ ಕಳೆದ ಮೇಲೆ ಮುಂದುವರಿಸಬೇಕೇ ಬೇಡವೇ ಎಂದು ವೈದ್ಯರೇ ನೋಡುತ್ತಾರೆ. ಹಲ್ಲು ಕೀಳಿಸುವ ಮುನ್ನ ಈ ಮಾತ್ರೆಯ ವಿಷಯ ತಿಳಿಸಬೇಕು. ದಿನವೂ ನಡಿಗೆ ಬೇಕು, ಸೊಂಟ ಬಗ್ಗಿಸಿ ತುಂಬಿದ ಕೊಡ ಎತ್ತಬಾರದು. ಬಚ್ಚಲಿನ ಪಾಚಿಯನ್ನು ನಾನು ತಿಕ್ಕಿ ತೆಗೆದೆ. ಅಜ್ಜಿ ಎಡವಿದ ಹೊಸ್ತಿಲ ಬಳಿ ರಾತ್ರಿಯೆಲ್ಲ ಉರಿಯುವ ಸಣ್ಣ ದೀಪ ಹಾಕಿಸಿದೆವು.

ಇಷ್ಟನ್ನು ಬರೆಯುವಾಗ ನನ್ನ ಗೆಳತಿಯರ ನೆನಪಾಗುತ್ತಿದೆ. ನಮ್ಮ ವಯಸ್ಸು ಮೂಳೆ ಕಟ್ಟುವ ವಯಸ್ಸು. ಏಳು ಗಂಟೆಯ ಬಸ್ಸು ತಪ್ಪೀತೆಂದು ಬರಿಯ ಟೀ ಕುಡಿದು ಬರುವವರು ನಮ್ಮ ತರಗತಿಯಲ್ಲಿ ಎಷ್ಟು ಮಂದಿ! ನಾನೂ ಅವರಲ್ಲಿ ಒಬ್ಬಳಾಗಿದ್ದೆ. ಈಗ ಹುರಿಹಿಟ್ಟು ಕಲಸಿಕೊಂಡು ತಿಂದೇ ಹೊರಡುತ್ತೇನೆ.

ಅವ್ವನ ಮಾತ್ರೆಯ ದಿನ ಭಾನುವಾರ. ಬರಿಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ನೀರಿನೊಡನೆ ನುಂಗಿ, ಅರ್ಧ ಗಂಟೆ ಏನನ್ನೂ ತಿನ್ನದೆ, ಮಲಗದೆ ಇರಬೇಕು. ಇಲ್ಲವಾದರೆ ಮಾತ್ರೆ ಅನ್ನನಾಳವನ್ನು ಸುಡುತ್ತದೆ. ಅವ್ವ ಜಗಲಿಯ ಮೇಲೆ ನೆಟ್ಟಗೆ ಕುಳಿತಿರುತ್ತಾಳೆ. ಬೆಳಿಗ್ಗೆ ಅವಳು ಕೈಕಟ್ಟಿ ಕೂತುದನ್ನು ಎಂದೂ ಕಾಣದ ಪಕ್ಕದ ಮನೆಯವರು ಮೊದಲ ವಾರ ಗಾಬರಿಯಿಂದ ಬಂದು ವಿಚಾರಿಸಿದರು. “ಮಗಳು ಕೂರ್ಸವ್ಳೆ,” ಎಂದಳು ಅವ್ವ, ಗಡಿಯಾರ ನೋಡುತ್ತ.