ಕಾರಿನ ಒಳಗಿನ ಪ್ಲಾಸ್ಟಿಕ್‌ಗೆ ಮನೆಯಲ್ಲೇ ಬಣ್ಣ

ನಮ್ಮ ಬಂಟ್ವಾಳ, ಬೆಳ್ತಂಗಡಿ ಕಡೆಯ ಎಷ್ಟೋ ಮನೆಗಳ ಅಂಗಳದಲ್ಲಿ ಹಳೆಯ ಓಮ್ನಿ, ಮಾರುತಿ 800 ಇನ್ನೂ ಉಂಟು. ಮಾರುತಿ 800ರ ತಯಾರಿ 2014ರಲ್ಲಿ ನಿಂತಿತು, ಓಮ್ನಿಯದ್ದು 2019ರಲ್ಲಿ. ಎಂಜಿನ್ ಗಟ್ಟಿ ಇದ್ದರೂ ಒಳಗಿನ ಪ್ಲಾಸ್ಟಿಕ್ ಮಾತ್ರ ಬಿಳುಚಿ, ಗೀರು ಬಿದ್ದು ಹಾಳಾಗಿರುತ್ತದೆ. ಹೊಸ ಭಾಗ ಹುಡುಕಿದರೆ ಸುಲಭದಲ್ಲಿ ಸಿಗುವುದಿಲ್ಲ.

ನನ್ನ ಮಾವನ ಓಮ್ನಿಯೂ ಹಾಗೆಯೇ ಆಗಿತ್ತು. ಅವರು ಅದರಲ್ಲಿ ಬಾಡಿಗೆಗೆ ಹೋಗುತ್ತಾರೆ. ಧರ್ಮಸ್ಥಳಕ್ಕೆ ಹೋಗುವವರು ಬಾಗಿಲು ತೆರೆದು ಒಳಗೆ ನೋಡಿ, "ಬೇರೆ ಗಾಡಿ ಉಂಟಾ?" ಎಂದು ಕೇಳುತ್ತಿದ್ದರು. ಹೊಸ ಗಾಡಿ ತೆಗೆಯುವಷ್ಟು ದುಡ್ಡು ಮಾವನ ಹತ್ತಿರ ಇಲ್ಲ. ಆದ್ದರಿಂದ ಡಿಸೆಂಬರ್ ರಜೆಯಲ್ಲಿ ಮಾವ ಮತ್ತು ನಾನು ಸೇರಿ ಒಳಗಿನ ಪ್ಲಾಸ್ಟಿಕ್‌ಗೆ ಬಣ್ಣ ಹೊಡೆದೆವು. ಅದರಲ್ಲಿ ನಮ್ಮ ವಿಜ್ಞಾನ ಪಾಠವೇ ಎಷ್ಟು ಉಂಟು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಬಣ್ಣ ಯಾಕೆ ಹೋಗುತ್ತದೆ?

ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳು ಇವೆ. ಬಾಗಿಲಿನ ಗಾಜು ಅದರಲ್ಲಿ ಸ್ವಲ್ಪ ತಡೆಯುತ್ತದೆ, ಎಲ್ಲವನ್ನೂ ತಡೆಯುವುದಿಲ್ಲ. ಒಳಗೆ ಬಂದ ಕಿರಣಗಳು ಪ್ಲಾಸ್ಟಿಕ್‌ನ ಉದ್ದುದ್ದ ಅಣುಸರಪಳಿಗಳನ್ನು ಮೇಲ್ಮೈಯಲ್ಲಿ ತುಂಡು ಮಾಡುತ್ತವೆ. ಮುಚ್ಚಿದ ಕಾರಿನ ಸೆಕೆ ಈ ಕೆಲಸವನ್ನು ಇನ್ನೂ ಬೇಗ ಮಾಡಿಸುತ್ತದೆ. ಹಾಗಾಗಿಯೇ ಪ್ಲಾಸ್ಟಿಕ್ ಬೂದು ಹಿಡಿದ ಹಾಗೆ ಕಾಣುತ್ತದೆ.

ಪ್ಲಾಸ್ಟಿಕ್ ಯಾವುದೆಂದು ತಿಳಿಯುವುದು

ಕಾರಿನ ಒಳಗೆ ಹೆಚ್ಚಾಗಿ ಎರಡು ಜಾತಿ ಪ್ಲಾಸ್ಟಿಕ್ ಇರುತ್ತದೆ. ಒಂದು ಪಾಲಿಪ್ರೊಪಿಲೀನ್, ಅಂದರೆ ಪಿಪಿ. ಇನ್ನೊಂದು ಎಬಿಎಸ್. ಭಾಗವನ್ನು ಕಳಚಿ ಹಿಂಬದಿ ನೋಡಿದರೆ ಈ ಅಕ್ಷರಗಳು ಅಚ್ಚಾಗಿರುತ್ತವೆ.

ಪಿಪಿಯನ್ನು ನಾವು ದಿನಾ ನೋಡುತ್ತೇವೆ. ಮದುವೆ ಮನೆಯ ಪ್ಲಾಸ್ಟಿಕ್ ಕುರ್ಚಿ, ಬುತ್ತಿ ಡಬ್ಬಿ ಹೆಚ್ಚಾಗಿ ಅದರದ್ದೇ. ಡಬ್ಬಿಯ ಅಡಿಯಲ್ಲಿ ತ್ರಿಕೋನದೊಳಗೆ 5 ಎಂದು ಇದ್ದರೆ ಅದು ಪಿಪಿ. ಇಟಲಿಯ ಗಿಯುಲಿಯೊ ನಟ್ಟಾ 1954ರಲ್ಲಿ ಇದನ್ನು ಗಟ್ಟಿ ಪ್ಲಾಸ್ಟಿಕ್ ಆಗುವ ಹಾಗೆ ತಯಾರಿಸಿದರು. ಅವರಿಗೂ ಜರ್ಮನಿಯ ಕಾರ್ಲ್ ಝೀಗ್ಲರ್ ಅವರಿಗೂ 1963ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು.

ಅಕ್ಷರ ಕಾಣದಿದ್ದರೆ ಒಂದು ಪರೀಕ್ಷೆ ಉಂಟು. ಒಡೆದ ಚಿಕ್ಕ ತುಂಡನ್ನು ನೀರಿಗೆ ಹಾಕಿ. ಶುದ್ಧ ಪಿಪಿಯ ಸಾಂದ್ರತೆ ಸುಮಾರು 0.9, ಅದು ತೇಲುತ್ತದೆ. ಎಬಿಎಸ್‌ನದ್ದು ಸುಮಾರು 1.05, ಅದು ಮುಳುಗುತ್ತದೆ. ಆದರೆ ಕೆಲವು ಪಿಪಿಗೆ ಗಟ್ಟಿಯಾಗಲೆಂದು ಟಾಲ್ಕ್ ಪುಡಿ ಸೇರಿಸಿರುತ್ತಾರೆ. ಹಿಂದೆ ಟಿ20 ಎಂದು ಇದ್ದರೆ ನೂರಕ್ಕೆ 20 ಭಾಗ ಟಾಲ್ಕ್ ಎಂದು ಅರ್ಥ. ಅಂಥದ್ದು ಪಿಪಿಯಾದರೂ ಮುಳುಗಬಹುದು. ಹಾಗಾಗಿ ತೇಲಿದರೆ ಎಬಿಎಸ್ ಅಲ್ಲ ಎಂದು ಹೇಳಬಹುದು, ಮುಳುಗಿದ್ದೆಲ್ಲಾ ಎಬಿಎಸ್ ಎಂದು ಹೇಳಲಿಕ್ಕೆ ಆಗುವುದಿಲ್ಲ.

ಇದನ್ನು ತಿಳಿಯುವುದು ಎಂತಕ್ಕೆ? ಆಟಿ ತಿಂಗಳಲ್ಲಿ ಪತ್ರೊಡೆಗೆ ಕೆಸುವಿನ ಎಲೆ ಕೊಯ್ಯುವಾಗ ನೋಡಿದ್ದೀರಲ್ಲ, ನೀರು ಅದರ ಮೇಲೆ ಮುತ್ತಿನ ಹಾಗೆ ಉರುಳುತ್ತದೆ, ಅಂಟುವುದೇ ಇಲ್ಲ. ಪಿಪಿಯೂ ಬಣ್ಣಕ್ಕೆ ಹಾಗೆಯೇ. ನೇರ ಬಣ್ಣ ಹೊಡೆದರೆ ಆ ದಿನ ಚೆಂದ ಕಾಣುತ್ತದೆ, ಆಮೇಲೆ ಹಾವಿನ ಪೊರೆಯ ಹಾಗೆ ಏಳುತ್ತದೆ. ಪಿಪಿಗೆ ಮೊದಲು ಪ್ಲಾಸ್ಟಿಕ್ ಪ್ರೈಮರ್ ಹೊಡೆಯಲೇಬೇಕು. ಅದು ಪ್ಲಾಸ್ಟಿಕ್‌ಗೂ ಬಣ್ಣಕ್ಕೂ ನಡುವೆ ಎರಡೂ ಕಡೆ ಕೈ ಹಿಡಿದು ನಿಲ್ಲುತ್ತದೆ. ಎಬಿಎಸ್ ಅಷ್ಟು ಹಟಮಾರಿ ಅಲ್ಲ.

ಬೇಕಾಗುವ ಸಾಮಾನು

ಸ್ಕ್ರೂ ಡ್ರೈವರ್, ಪಾತ್ರೆ ತೊಳೆಯುವ ಸೋಪಿನ ನೀರು, ಹಳೆಯ ಟೂತ್ ಬ್ರಶ್, ಐಸೊಪ್ರೊಪೈಲ್ ಆಲ್ಕೋಹಾಲ್, 400 ಮತ್ತು 600 ನಂಬರಿನ ವಾಟರ್ ಪೇಪರ್, ನೂಲು ಬಿಡದ ಬಟ್ಟೆ, ಪ್ಲಾಸ್ಟಿಕ್ ಪ್ರೈಮರ್, ಹೊಳಪಿಲ್ಲದ ಸ್ಪ್ರೇ ಬಣ್ಣ.

ಮಾಡುವ ಕ್ರಮ

1. ಬ್ಯಾಟರಿಯ ಋಣ ತಂತಿ ತೆಗೆದು ಭಾಗಗಳನ್ನು ಕಳಚಿ. ಕಳಚುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ನಾನು ಒಂದು ರಟ್ಟಿನ ಮೇಲೆ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಯದ್ದೋ ಅಲ್ಲಿಯೇ ಟೇಪು ಹಚ್ಚಿ ಇಟ್ಟೆ. ಜೋಡಿಸುವಾಗ ಒಂದೂ ಹೆಚ್ಚುಕಡಿಮೆ ಆಗಲಿಲ್ಲ.

2. ಸೋಪಿನ ನೀರಲ್ಲಿ ತಿಕ್ಕಿ ತೊಳೆದು ಒಣಗಿಸಿ, ಆಲ್ಕೋಹಾಲಿನಲ್ಲಿ ಒರೆಸಿ. ಡ್ಯಾಶ್‌ಬೋರ್ಡ್ ಹೊಳೆಯಲಿಕ್ಕೆ ಹಾಕುವ ಪಾಲಿಶ್‌ಗಳಲ್ಲಿ ಹೆಚ್ಚಾಗಿ ಸಿಲಿಕೋನ್ ಎಣ್ಣೆ ಇರುತ್ತದೆ. ಅದು ಸ್ವಲ್ಪ ಉಳಿದರೂ ಬಣ್ಣ ಅಲ್ಲಲ್ಲಿ ಬಿಟ್ಟುಕೊಂಡು ಗುಳಿ ಬೀಳುತ್ತದೆ. ಪೆಟ್ರೋಲ್, ಥಿನ್ನರ್ ಉಜ್ಜಬೇಡಿ, ಎಬಿಎಸ್ ಮೆತ್ತಗಾಗಿ ಹಾಳಾಗುತ್ತದೆ.

3. 400ರ ವಾಟರ್ ಪೇಪರಿನಿಂದ ಗೀರುಗಳನ್ನು, ಆಮೇಲೆ 600ರಿಂದ ಇಡೀ ಭಾಗವನ್ನು ಮೆಲ್ಲ ಉಜ್ಜಿ. ಬಣ್ಣ ಹಿಡಿಯಲು ಮೇಲ್ಮೈ ಸ್ವಲ್ಪ ತರಿಯಾಗಬೇಕು. ಪುನಃ ಆಲ್ಕೋಹಾಲಿನಲ್ಲಿ ಒರೆಸಿ, ಮತ್ತೆ ಬೆರಳು ತಾಗಿಸಬೇಡಿ. ಕೈಯ ಎಣ್ಣೆಯೂ ಎಣ್ಣೆಯೇ.

4. ಪ್ರೈಮರನ್ನು ತೆಳ್ಳಗೆ ಹೊಡೆಯಿರಿ. ಎಷ್ಟು ಹೊತ್ತು ಬಿಡಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಅದೇ ಲೆಕ್ಕ.

5. ಬಣ್ಣದ ಡಬ್ಬಿಯನ್ನು ಒಂದೆರಡು ನಿಮಿಷ ಚೆನ್ನಾಗಿ ಅಲುಗಿಸಿ. 25ರಿಂದ 30 ಸೆಂ.ಮೀ. ದೂರದಿಂದ, ಕೈ ನಿಲ್ಲಿಸದೆ ಹೊಡೆಯಿರಿ. ಭಾಗದ ಹೊರಗೆ ಶುರು ಮಾಡಿ ಹೊರಗೇ ನಿಲ್ಲಿಸಬೇಕು. ಮೊದಲ ಸಲ ಮಂಜು ಬಿದ್ದಷ್ಟೇ ಸಾಕು, ಹಳೆಯ ಬಣ್ಣ ಕಂಡರೂ ಚಿಂತೆ ಇಲ್ಲ. 10-15 ನಿಮಿಷ ಬಿಟ್ಟು ಎರಡನೆಯದು, ಮತ್ತೆ ಮೂರನೆಯದು. ಒಂದೇ ಸಲ ದಪ್ಪ ಹೊಡೆದರೆ ಇಳಿಯುತ್ತದೆ.

6. ಒಂದು ದಿನವಾದರೂ ಒಣಗಿದ ಮೇಲೆ ಜೋಡಿಸಿ. ಒಂದು ವಾರ ಒರೆಸಲಿಕ್ಕೆ ಹೋಗಬೇಡಿ.

ಇದನ್ನೆಲ್ಲ ಮೊದಲು ಕಣ್ಣಿಗೆ ಬೀಳದ ಒಂದು ಚಿಕ್ಕ ಭಾಗದಲ್ಲಿ ಮಾಡಿ ನೋಡುವುದು ಒಳ್ಳೆಯದು. ಎರಡು ದಿನ ಬಿಟ್ಟು ಅದಕ್ಕೆ ಟೇಪು ಹಚ್ಚಿ ಎಳೆಯಬೇಕು. ಟೇಪಿನಲ್ಲಿ ಬಣ್ಣ ಬಾರದಿದ್ದರೆ ಧೈರ್ಯದಲ್ಲಿ ಮುಂದೆ ಹೋಗಬಹುದು. ನಾವೂ ಹೀಗೆಯೇ ಮಾಡಿದೆವು.

ಯಾವಾಗ ಮಾಡಬೇಕು?

ಮಳೆಗಾಲದಲ್ಲಿ ಬೇಡವೇ ಬೇಡ. ಬಣ್ಣದ ದ್ರಾವಕ ಆವಿಯಾಗುವಾಗ ಆ ಜಾಗ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ, ತಣ್ಣೀರಿನ ಲೋಟದ ಹೊರಗೆ ನೀರು ಕೂತ ಹಾಗೆ ಹಸಿ ಬಣ್ಣದ ಮೇಲೂ ಕೂರುತ್ತದೆ. ಆಗ ಬಣ್ಣ ಬಿಳಿಚಿಕೊಳ್ಳುತ್ತದೆ. ನಮ್ಮಲ್ಲಿ ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಆದರೆ ಆಗ ಕೆಂಪು ಧೂಳು ಏಳುತ್ತದೆ, ಅಂಗಳಕ್ಕೆ ನೀರು ಚಿಮುಕಿಸಿ ಶುರು ಮಾಡಿ. ಆ ಸಮಯದಲ್ಲಿ ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ, ಅದರಿಂದ ದೂರ ಹೋಗಿ. ಬಣ್ಣದ ಹನಿ ಗಾಳಿಯಲ್ಲಿ ಎಷ್ಟು ದೂರಕ್ಕೂ ಹಾರುತ್ತದೆ.

ಎಲ್ಲಿ ಹೊಡೆಯಲೇಬಾರದು?

ಏರ್‌ಬ್ಯಾಗ್ ಇರುವ ಮುಚ್ಚಳಕ್ಕೆ ಬೇಡ. ಅಲ್ಲಿ ಎಸ್‌ಆರ್‌ಎಸ್ ಅಥವಾ ಏರ್‌ಬ್ಯಾಗ್ ಎಂದು ಬರೆದಿರುತ್ತದೆ. 2019ರ ಜುಲೈ 1ರಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯ. ಅಪಘಾತವಾದಾಗ ಆ ಮುಚ್ಚಳ ಕಣ್ಣು ಮಿಟುಕಿಸುವುದರೊಳಗೆ ಬಿರಿದು ತೆರೆಯಬೇಕು. ಬಣ್ಣದ ಪದರ ಅದಕ್ಕೆ ಅಡ್ಡಿಯಾಗಬಹುದು, ಚೂರುಗಳು ಮುಖಕ್ಕೆ ಹಾರಬಹುದು. ಆ ಭಾಗವನ್ನು ಕಳಚುವುದೂ ಬೇಡ.

ಡ್ಯಾಶ್‌ಬೋರ್ಡಿನ ಮೇಲ್ಭಾಗಕ್ಕೆ ಹೊಳೆಯುವ ಬಣ್ಣ ಬೇಡ. ಅದರ ಪ್ರತಿಬಿಂಬ ಎದುರಿನ ಗಾಜಿನಲ್ಲಿ ಬಿದ್ದು ರಸ್ತೆ ಸರಿಯಾಗಿ ಕಾಣುವುದಿಲ್ಲ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಹಾಗಾದರೆ ಎಂತ ಗತಿ?

ಉಳಿದ ಬಣ್ಣ ಉಂಟೆಂದು ಹೆಲ್ಮೆಟಿಗೂ ಹೊಡೆಯಬೇಡಿ. ಕೆಲವು ಹೆಲ್ಮೆಟುಗಳ ಚಿಪ್ಪು ಎಬಿಎಸ್. ಬಣ್ಣದ ದ್ರಾವಕದಿಂದ ಅದು ಹೊರಗೆ ಕಾಣದ ಹಾಗೆ ದುರ್ಬಲವಾಗಬಹುದು.

ಜಾಗ್ರತೆ

ಸ್ಪ್ರೇ ಡಬ್ಬಿಯ ಒಳಗೆ ಬಣ್ಣವನ್ನು ಹೊರಗೆ ತಳ್ಳುವುದು ಹೆಚ್ಚಾಗಿ ನಮ್ಮ ಅಡುಗೆ ಗ್ಯಾಸಿನ ಜಾತಿಯದ್ದೇ. ಹತ್ತಿರದಲ್ಲಿ ಒಲೆ, ಬೀಡಿ ಯಾವುದೂ ಇರಬಾರದು. ಡಬ್ಬಿಯನ್ನು ಬಿಸಿಲಿಗೆ ಇಡಬಾರದು, ಖಾಲಿಯಾದರೂ ಬೆಂಕಿಗೆ ಹಾಕಬಾರದು. ಕೋಣೆಯೊಳಗಾಗಲಿ, ಕಾರಿನೊಳಗೆ ಕೂತಾಗಲಿ ಹೊಡೆಯಬಾರದು. ಬಟ್ಟೆಯ ಮಾಸ್ಕ್ ದ್ರಾವಕದ ಆವಿಯನ್ನು ತಡೆಯುವುದಿಲ್ಲ, ಅದಕ್ಕೆ ಇದ್ದಿಲಿನ ಡಬ್ಬಿ ಇರುವ ಮಾಸ್ಕೇ ಬೇಕು. ನಾವು ಮಕ್ಕಳು ತೊಳೆಯುವುದು, ಉಜ್ಜುವುದು, ಜೋಡಿಸುವುದು ಮಾಡಬಹುದು. ಬಣ್ಣ ಹೊಡೆಯುವ ಕೆಲಸ ದೊಡ್ಡವರಿಗೇ ಬಿಡಬೇಕು. ನಮ್ಮ ಮನೆಯಲ್ಲಿಯೂ ಮಾವನೇ ಹೊಡೆದರು, ನಾನು ದೂರ ನಿಂತು ಗಡಿಯಾರ ನೋಡಿ ನಿಮಿಷ ಹೇಳಿದೆ.

ಮೂರು ದಿನದ ಕೆಲಸದಲ್ಲಿ ಬಣ್ಣ ಹೊಡೆದದ್ದು ಒಂದು ಗಂಟೆ ಇರಬಹುದು. ಉಳಿದದ್ದೆಲ್ಲ ತೊಳೆಯುವುದು, ಉಜ್ಜುವುದು, ಕಾಯುವುದು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಈ ಕೆಲಸಕ್ಕೇ ಹೇಳಿದ ಹಾಗೆ ಉಂಟು.

ಉತ್ತರ ಹೇಳಿ ನೋಡುವಾ

1. ನಿಮ್ಮ ಬುತ್ತಿ ಡಬ್ಬಿಯ ಅಡಿಯಲ್ಲಿ ಯಾವ ಅಂಕೆ ಉಂಟು?
2. ನೀರಿನಲ್ಲಿ ಮುಳುಗಿದ ತುಂಡು ಎಬಿಎಸ್ ಎಂದು ಖಂಡಿತ ಹೇಳಬಹುದೇ? ಯಾಕೆ?
3. ಮಳೆಗಾಲದಲ್ಲಿ ಹೊಡೆದ ಬಣ್ಣ ಬಿಳಿಚುವುದು ಯಾಕೆ?

ಉತ್ತರ ಈ ಲೇಖನದಲ್ಲಿಯೇ ಉಂಟು. ಮೊದಲನೆಯದಕ್ಕೆ ಮಾತ್ರ ಮಧ್ಯಾಹ್ನ ಊಟದ ಹೊತ್ತಿಗೆ ಡಬ್ಬಿ ತಿರುಗಿಸಿ ನೋಡಬೇಕು, ಖಾಲಿ ಮಾಡಿದ ಮೇಲೆ!

— ಹತ್ತನೆಯ ತರಗತಿಯ ವಿದ್ಯಾರ್ಥಿನಿ