ಬೆಳಗಿನ ಆತುರಕ್ಕೆ ಹುರಿಹಿಟ್ಟಿನ ಉಪಾಯ

ಬದಲಾಪುರದಿಂದ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ರೈಲುಹಾದಿ ಸುಮಾರು 68 ಕಿಲೋಮೀಟರು. ಬೆಳಗಿನ ಹೊತ್ತು ಲೋಕಲ್ ಗಾಡಿಯಲ್ಲಿ ಕಾಲೂರಲು ಸ್ಥಳ ದೊರೆತು, ಒಂದೂವರೆ ಗಂಟೆಯ ಪ್ರಯಾಣ ಮುಗಿದು, ಕಚೇರಿಯ ಮೆಟ್ಟಿಲನ್ನು ವೇಳೆಗೆ ಸರಿಯಾಗಿ ಹತ್ತಬೇಕೆನ್ನುವವರು ಏಳು ಗಂಟೆಗೆ ಮುಂಚೆಯೇ ಮನೆ ಬಿಡಬೇಕಾಗುತ್ತದೆ. ಆರೂವರೆಗೆ ಹೊಟ್ಟೆಗೆ ಸೇರಿದ ಉಪಾಹಾರವೇ ಮಧ್ಯಾಹ್ನ ಒಂದು ಗಂಟೆಗೆ ಡಬ್ಬಿ ಬಿಚ್ಚುವ ತನಕ ದೇಹವನ್ನು ನಡೆಸಬೇಕಾಗುತ್ತದೆ. ಉಡುಪಿ, ಮಂಗಳೂರಿನ ಕಡೆಯಿಂದ ಬಂದವರಾಗಲಿ, ವಿಜಯಪುರ, ಕಲಬುರಗಿಯ ಕಡೆಯವರಾಗಲಿ, ಇಲ್ಲಿ ನೆಲೆಸಿದ ನಮ್ಮ ಕನ್ನಡದ ಮನೆಗಳಲ್ಲಿ ದೋಸೆ ಹುಯ್ಯುವುದಕ್ಕೂ ರೊಟ್ಟಿ ಬಡಿಯುವುದಕ್ಕೂ ಆ ಹೊತ್ತಿನಲ್ಲಿ ಅವಕಾಶವಿಲ್ಲದಿರುವುದರಿಂದ, ಬಟ್ಟಲಿಗೆ ಸುರಿದು ಹಾಲೆರೆದರೆ ಸಾಕೆಂಬ ಬಣ್ಣಬಣ್ಣದ ಪೆಟ್ಟಿಗೆ ಅಡುಗೆಮನೆಯ ಕಪಾಟನ್ನು ಸೇರಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ. ಅದನ್ನು ತಂದಿಟ್ಟ ತಾಯಂದಿರನ್ನು ದೂಷಿಸುವುದು ಅನ್ಯಾಯವೇ ಸರಿ. ಅವರಿಗೆ ಬೇಕಾದುದು ಐದು ನಿಮಿಷದಲ್ಲಿ ಮುಗಿಯುವ ಕೆಲಸ. ಆ ಐದು ನಿಮಿಷದ ಕೆಲಸವನ್ನು ನಮ್ಮ ಹಿರಿಯರು ಬಹುಕಾಲದ ಹಿಂದೆಯೇ ಸಾಧಿಸಿಟ್ಟಿದ್ದರೆಂಬುದನ್ನು ತಿಳಿಸಿ, ಅದರ ವಿಧಾನವನ್ನು ಸಾವಕಾಶವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ಆ ಪೆಟ್ಟಿಗೆಯನ್ನು ತಿರುಗಿಸಿ ಅದರ ಹಿಂಬದಿಯನ್ನು ಓದಬೇಕು. ನಮ್ಮ ದೇಶದ ಕಾನೂನಿನಂತೆ ಘಟಕಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕಾಗಿರುವುದರಿಂದ, ಸಕ್ಕರೆಯ ಹೆಸರು ಎರಡನೆಯದಾಗಿಯೋ ಮೂರನೆಯದಾಗಿಯೋ ಕಾಣಿಸಿಕೊಂಡರೆ ಅದು ಅಲ್ಪಪ್ರಮಾಣದಲ್ಲಿಲ್ಲವೆಂದು ತಿಳಿಯಬೇಕು. ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಇನ್ವರ್ಟ್ ಸಿರಪ್ ಎಂಬ ಹೆಸರುಗಳೂ ಅದೇ ಕುಲಕ್ಕೆ ಸೇರಿದವು. ಪೋಷಕಾಂಶಗಳ ಪಟ್ಟಿಯಲ್ಲಿ 100 ಗ್ರಾಮಿಗೆ 30 ಗ್ರಾಂ ಸಕ್ಕರೆಯೆಂದಿದ್ದರೆ, ಮಗುವಿನ ಒಂದು ಬಟ್ಟಲಿಗೆ ಬೀಳುವ 30 ಗ್ರಾಂ ತಿನಿಸಿನಲ್ಲಿ 9 ಗ್ರಾಂ, ಅಂದರೆ ಎರಡು ಟೀ ಚಮಚಕ್ಕೂ ಮಿಗಿಲಾದ ಸಕ್ಕರೆ, ಶಾಲೆಯ ಗಂಟೆ ಬಾರಿಸುವ ಮುನ್ನವೇ ಒಳಸೇರಿತೆಂದು ಲೆಕ್ಕ. ಹೀಗೆ ಹೊರಗಿನಿಂದ ಬೆರೆಸಿದ ಸಕ್ಕರೆಯಿಂದ ಬರುವ ಶಕ್ತಿಯು ಇಡೀ ದಿನದ ಆಹಾರಶಕ್ತಿಯ ಹತ್ತನೆಯ ಒಂದು ಪಾಲನ್ನು ಮೀರಬಾರದು, ಇಪ್ಪತ್ತನೆಯ ಒಂದು ಪಾಲಿಗಿಂತ ಕಡಿಮೆಯಾದರೆ ಇನ್ನೂ ಮೇಲು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿದೆ.

ಈ ಪೆಟ್ಟಿಗೆಯ ತಿನಿಸಿಗೂ ಒಂದು ಇತಿಹಾಸವುಂಟು. ಅಮೆರಿಕದ ಮಿಷಿಗನ್ ಪ್ರಾಂತದ ಬ್ಯಾಟಲ್ ಕ್ರೀಕ್ ಎಂಬ ಊರಿನ ಆರೋಗ್ಯಧಾಮದಲ್ಲಿ ಡಾಕ್ಟರ್ ಜಾನ್ ಹಾರ್ವಿ ಕೆಲಾಗ್ ಎಂಬವರು ರೋಗಿಗಳ ಪಥ್ಯಕ್ಕೆಂದು 1890ರ ದಶಕದಲ್ಲಿ ಧಾನ್ಯದ ತೆಳುಹಳಕುಗಳನ್ನು ಮಾಡಿಸಿದರು; ಅವರ ತಮ್ಮ ವಿಲಿಯಂ ಕೆಲಾಗ್, ಅಣ್ಣನ ಮನಸ್ಸಿಗೆ ವಿರುದ್ಧವಾಗಿ ಅದಕ್ಕೆ ಸಕ್ಕರೆಯನ್ನು ಕೂಡಿಸಿ, 1906ರಲ್ಲಿ ವ್ಯಾಪಾರಕ್ಕಿಳಿಸಿದರು. ಅವರ ಕಂಪನಿಯು 1990ರ ದಶಕದಲ್ಲಿ ಭಾರತಕ್ಕೆ ಬಂದಾಗ ಅದರ ಕಾರ್ಖಾನೆಯು ಸ್ಥಾಪಿತವಾದದ್ದು ನಮಗೆ ನೆರೆಯದೇ ಆದ ತಳೋಜಾ ಕೈಗಾರಿಕಾ ವಸಾಹತಿನಲ್ಲಿ. ಪಥ್ಯವಾಗಿ ಹುಟ್ಟಿದ ಪದಾರ್ಥವು ಮಾರುಕಟ್ಟೆಯ ದಾರಿಯಲ್ಲಿ ಸಿಹಿತಿನಿಸಾಗಿ ಪರಿಣಮಿಸಿದ ಸಂಗತಿಯನ್ನು ನಾವು ಗಮನಿಸತಕ್ಕದ್ದು. ಸಕ್ಕರೆಯ ಮಾತು ಹಾಗಿರಲಿ. ಸಾಮಾನ್ಯವಾದ ಕಾರ್ನ್‌ಫ್ಲೇಕ್ಸನ್ನು ಮಾಡುವ ಮೆಕ್ಕೆಜೋಳದಿಂದ ಮೇಲಿನ ಹೊಟ್ಟನ್ನೂ ಒಳಗಿನ ಮೊಳಕೆಗಣ್ಣನ್ನೂ ಮೊದಲೇ ಬೇರ್ಪಡಿಸಿರುತ್ತಾರೆ. ಇಡಿಧಾನ್ಯವೆಂದರೆ ಹೊಟ್ಟು, ಮೊಳಕೆಗಣ್ಣು, ನಡುವಿನ ಪಿಷ್ಟ, ಈ ಮೂರೂ ಕೂಡಿದ್ದು. ನಾರು, ಖನಿಜ, ಜೀವಸತ್ವಗಳಲ್ಲಿ ಬಹುಪಾಲು ಮೊದಲಿನ ಎರಡರಲ್ಲಿಯೇ ನೆಲೆಗೊಂಡಿರುವುದರಿಂದ, ಅವನ್ನು ಕಳೆದ ಮೇಲೆ ಉಳಿಯುವುದು ಬೇಗನೆ ಜೀರ್ಣವಾಗಿ ಬೇಗನೆ ಹಸಿವೆಬ್ಬಿಸುವ ಭಾಗ ಮಾತ್ರ. ಉಪ್ಪಿಟ್ಟಿನ ಬಿಳಿಯ ರವೆಗೂ ಈ ಮಾತು ಸಲ್ಲುತ್ತದೆ ಎಂಬುದನ್ನು ಮುಚ್ಚಿಡಲಾರೆ.

ರಾಗಿಯದು ಹಾಗಲ್ಲ. ಕಾಳು ಅತಿಸೂಕ್ಷ್ಮವಾಗಿರುವುದರಿಂದ ಅದರ ಸಿಪ್ಪೆಯನ್ನು ಅಕ್ಕಿಯಂತೆ ಸುಲಭವಾಗಿ ಪಾಲಿಶ್ ಮಾಡಲು ಬಾರದು. ಬೀಸಿದರೆ ಇಡಿಯಾಗಿಯೇ ಹಿಟ್ಟಾಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತನ್ನೂ ಮುಟ್ಟದು. ಇಂತಹ ರಾಗಿಯನ್ನು ಅರಳಾಗಿ ಹುರಿದು ಬೀಸಿದ ಹಿಟ್ಟೇ ಹುರಿಹಿಟ್ಟು. ಹುರಿಯುವಾಗಲೇ ಅದು ಬೆಂದಿರುವುದರಿಂದ ತಿನ್ನುವ ಹೊತ್ತಿಗೆ ಒಲೆ ಹಚ್ಚುವ ಪ್ರಮೇಯವೇ ಇಲ್ಲ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹೊಲಕ್ಕೆ ಹೋಗುವವರ ಬುತ್ತಿಯೂ ಎಳೆಯ ಮಕ್ಕಳ ತಿನಿಸೂ ಆಗಿದ್ದ ಇದನ್ನು, ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು, ರಾಗಿಯ ಮೊಳಕೆ ಮತ್ತು ಅರಳುಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಶಾಸ್ತ್ರೀಯವಾಗಿ ಪರಿಶೀಲಿಸಿದ್ದಾರೆ. ಕರಾವಳಿಯವರಿಗೂ ಉತ್ತರ ಕರ್ನಾಟಕದವರಿಗೂ ಇದು ಅಷ್ಟು ಪರಿಚಿತವಲ್ಲದಿರಬಹುದು. ಆದುದರಿಂದ ಕೊಂಚ ವಿಸ್ತಾರವಾಗಿಯೇ ಹೇಳುತ್ತೇನೆ.

ನಾಲ್ಕು ಜನರ ಕುಟುಂಬಕ್ಕೆ ಒಂದು ಕಿಲೋ ರಾಗಿಯಿಂದ ಆರಂಭಿಸಬಹುದು. ಇಲ್ಲಿಯ ಕಿರಾಣಿ ಅಂಗಡಿಯಲ್ಲಿ ‘ನಾಚಣಿ’ ಎಂದು ಕೇಳಿ, ಇಡಿಯ ಕಾಳನ್ನೇ ಕೊಳ್ಳಬೇಕು. ‘ನಾಚಣಿ ಸತ್ವ’ವೆಂಬ ಪುಡಿ ಬೇರೆ: ಸಂಪ್ರದಾಯದ ಕ್ರಮದಲ್ಲಿ ನೆನೆಸಿ ಅರೆದ ರಾಗಿಯ ಹಾಲನ್ನು ಬಟ್ಟೆಯಲ್ಲಿ ಸೋಸಿ ಒಣಗಿಸಿದ ಪದಾರ್ಥವದು, ಸೋಸುವಾಗ ಸಿಪ್ಪೆಯ ಜತೆಗೆ ನಾರೂ ಹೊರಟುಹೋಗುವುದರಿಂದ ಕಾಯಿಲೆಯವರಿಗೂ ಹಸುಳೆಗಳಿಗೂ ಅದು ಹಿತವಾದರೂ ಇಡಿಧಾನ್ಯದ ಸ್ಥಾನವನ್ನು ತುಂಬಲಾರದು. ತಂದ ರಾಗಿಯನ್ನು ಶನಿವಾರ ಮಧ್ಯಾಹ್ನ ಕಲ್ಲುಮಣ್ಣಿಲ್ಲದಂತೆ ಆರಿಸಿ, ಮೂರು ನಾಲ್ಕು ನೀರಿನಲ್ಲಿ ತೊಳೆದು, ಚೆನ್ನಾಗಿ ಬಸಿದು, ಬಟ್ಟೆಯ ಮೇಲೆ ನೆರಳಿನಲ್ಲಿ ಹರಡತಕ್ಕದ್ದು. ಮೇಲಿನ ತೇವ ಆರಿದ ಅನಂತರ ಒಂದು ಸೌಟು ನೀರುಮಜ್ಜಿಗೆಯನ್ನು ಚಿಮುಕಿಸಿ, ಕಾಳೆಲ್ಲಕ್ಕೂ ತಗಲುವಂತೆ ಅಂಗೈಯಿಂದ ಉಜ್ಜಿ, ಬಟ್ಟೆಯಲ್ಲಿ ಗಂಟುಕಟ್ಟಿ ರಾತ್ರಿಯೆಲ್ಲ ಬಿಡಬೇಕು. ಅರಳುವ ಗುಟ್ಟು ಅಡಗಿರುವುದು ಈ ತೇವದಲ್ಲಿಯೇ: ಕಾಳಿನೊಳಗಿನ ನೀರು ತೀವ್ರವಾದ ಶಾಖಕ್ಕೆ ಥಟ್ಟನೆ ಆವಿಯಾಗಿ, ಹೊರಬರಲು ದಾರಿಯಿಲ್ಲದೆ ಸಿಪ್ಪೆಯನ್ನು ಒಡೆದುಕೊಂಡು ಹೊಮ್ಮುವಾಗ, ಒಳಗಿನ ಪಿಷ್ಟವನ್ನು ಹೂವಿನಂತೆ ಬಿಚ್ಚಿಬಿಡುತ್ತದೆ. ತೇವ ಸಾಲದಿದ್ದರೆ ಕಾಳು ಅರಳದೆ ಕರಿಯಾಗುತ್ತದೆ. ಅತಿಯಾದರೆ ಬೆಂದು ಮುದುಡಿಕೊಳ್ಳುತ್ತದೆ.

ಭಾನುವಾರ ಬೆಳಗ್ಗೆ ಅಡುಗೆಮನೆಯ ಕಿಟಕಿಯನ್ನು ತೆರೆದಿಟ್ಟು, ದಪ್ಪ ತಳದ ಕಬ್ಬಿಣದ ಬಾಣಲೆಯನ್ನು ದೊಡ್ಡ ಉರಿಯ ಮೇಲಿಡಬೇಕು; ಅಂಟು ಹಿಡಿಯದಂತೆ ಲೇಪಿಸಿದ ಪಾತ್ರೆಗಳು ಇಂಥ ಶಾಖಕ್ಕೆ ತಕ್ಕವಲ್ಲ. ನಾಲ್ಕು ಕಾಳು ಉದುರಿಸಿದರೆ ಎಣಿಸುವಷ್ಟರಲ್ಲಿ ಸಿಡಿಯಬೇಕು. ಅಲ್ಲಿಯವರೆಗೂ ಕಾಯುವ ತಾಳ್ಮೆ ಅವಶ್ಯ. ಅನಂತರ ಒಂದೇ ಒಂದು ಹಿಡಿಯಷ್ಟು ರಾಗಿಯನ್ನು ಹಾಕಿ, ಕಡ್ಡಿಗೆ ಸುತ್ತಿದ ದಪ್ಪ ಬಟ್ಟೆಯ ಉಂಡೆಯಿಂದ ಬಿಡುವಿಲ್ಲದೆ ಒರಸುತ್ತ ತಿರುವಿದರೆ, ಮೊದಲು ಮೌನವಾಗಿದ್ದ ಕೆಂಪು ಕಾಳು ಒಮ್ಮೆಲೇ ಸಣ್ಣ ಸದ್ದುಮಾಡುತ್ತ ನೆಗೆಯತೊಡಗಿ, ಅರ್ಧ ನಿಮಿಷದೊಳಗಾಗಿ ಬಾಣಲೆಯ ತುಂಬ ಬಿಳಿಯ ಅರಳು ತುಂಬಿಕೊಳ್ಳುತ್ತದೆ. ಸದ್ದು ಇಳಿಯುತ್ತಿದ್ದ ಹಾಗೆ ಅಗಲವಾದ ತಟ್ಟೆಗೆ ಸುರಿದುಬಿಡಬೇಕು. ತುಸು ತಡೆದರೂ ಹೊತ್ತಿ ಕಹಿಯಾಗುತ್ತದೆ. ಹಿಡಿಹಿಡಿಯಾಗಿ ಹುರಿಯುವುದೇನೋ ಶ್ರಮದ ಕೆಲಸವೇ. ಆದರೂ ಒಮ್ಮೆಗೆ ಹೆಚ್ಚು ಹಾಕಿ ಮುಗಿಸುವ ಆಸೆಗೆ ಬಿದ್ದರೆ ಬಾಣಲೆ ತಣ್ಣಗಾಗಿ ಎಲ್ಲವೂ ಕೆಡುವುದು ನಿಶ್ಚಯ. ಕಾಳು ಸಿಡಿಯುವುದರಿಂದ ಮಕ್ಕಳನ್ನು ದೂರವಿಡಬೇಕು. ಎಲ್ಲವೂ ಮುಗಿದ ಮೇಲೆ ಸಣ್ಣ ಕಣ್ಣಿನ ಜರಡಿಯಲ್ಲಾಡಿಸಿದರೆ ಅರಳದ ಕಾಳು ಕೆಳಗುದುರುತ್ತದೆ.

ಆರಿದ ಅರಳಿಗೆ 200 ಗ್ರಾಂ ಹುರಿಗಡಲೆ, ಏಳೆಂಟು ಏಲಕ್ಕಿ, ಒಂದು ಚೂರು ಒಣಶುಂಠಿ ಸೇರಿಸಿ ಮನೆಯ ಮಿಕ್ಸರಿನಲ್ಲಿಯೇ ಪುಡಿಮಾಡಬಹುದು. ಅರಳು ಬಹಳ ಹಗುರವಾದುದರಿಂದ ಗಿರಣಿಗೆ ಹೋಗಬೇಕಾದ ಅಗತ್ಯವಿಲ್ಲ. ಇಲ್ಲಿ ‘ಫುಟಾಣೆ’, ‘ಡಾಳೆ’ ಎನ್ನುವ ಹುರಿಗಡಲೆಯನ್ನು ರುಚಿಗಾಗಿ ಮಾತ್ರ ಸೇರಿಸುವುದಲ್ಲ: ರಾಗಿಯ ಪ್ರೋಟೀನಿನಲ್ಲಿ ಕೊರತೆಯಾಗಿರುವ ಅಂಶವನ್ನು ಬೇಳೆಕಾಳಿನ ಪ್ರೋಟೀನು ತುಂಬಿಕೊಡುತ್ತದೆ. ಕೆಲವರು ಹಿಟ್ಟನ್ನು ವಸ್ತ್ರಗಾಳಿತ ಮಾಡಿ ತರಿಯನ್ನು ಚೆಲ್ಲುವುದುಂಟು. ಆ ತರಿಯಲ್ಲಿಯೇ ಸಿಪ್ಪೆಯೂ ನಾರೂ ಇರುವುದರಿಂದ ಹಾಗೆ ಮಾಡಕೂಡದೆಂದು ನನ್ನ ಬಲವಾದ ಅಭಿಪ್ರಾಯ.

ಇಷ್ಟಾದ ಮೇಲೆ ಬೆಳಗಿನ ಕೆಲಸವೆಂಬುದು ಬಹಳ ಸ್ವಲ್ಪ. ಒಬ್ಬೊಬ್ಬರಿಗೆ ನಾಲ್ಕು ದೊಡ್ಡ ಚಮಚದಷ್ಟು, ಎಂದರೆ ಸುಮಾರು 40 ಗ್ರಾಂ ಹುರಿಹಿಟ್ಟನ್ನು ಬಟ್ಟಲಿಗೆ ಹಾಕಿ, ಬೆಚ್ಚಗಿನ ಹಾಲನ್ನು ಸ್ವಲ್ಪಸ್ವಲ್ಪವಾಗಿ ಎರೆದು ಗಂಟಿಲ್ಲದಂತೆ ಕಲಸಿ, ಹೆಚ್ಚಿದ ಬಾಳೆಹಣ್ಣನ್ನೂ ಒಂದು ಚಮಚ ಕಾಯಿತುರಿಯನ್ನೂ ಬೆರೆಸಿದರೆ ಸಿಹಿಯ ಅಪೇಕ್ಷೆ ಬಹುಮಟ್ಟಿಗೆ ತೀರುತ್ತದೆ. ಬೆಲ್ಲ ಬೇಕೆನ್ನುವ ಮಕ್ಕಳಿಗೆ ಒಂದು ಸಣ್ಣ ಚಮಚ ಸಾಕು. ಬೆಲ್ಲವೂ ಸಕ್ಕರೆಯ ಲೆಕ್ಕಕ್ಕೇ ಸೇರಿದ್ದೆಂಬುದನ್ನು ಮರೆಯಬಾರದು. ಸಿಹಿಯೊಲ್ಲದ ಹಿರಿಯರು ಮೊಸರು, ಉಪ್ಪು, ಹೆಚ್ಚಿದ ಈರುಳ್ಳಿ, ಹಸಿಮೆಣಸು, ಕೊತ್ತಂಬರಿಗಳೊಡನೆ ಕಲಸಿ, ಇಂಗು ಸಾಸಿವೆಯ ಒಗ್ಗರಣೆ ಕೊಟ್ಟು ತಿನ್ನಬಹುದು; ಬೇಸಗೆಯ ದಿನಗಳಲ್ಲಿ ನನಗೆ ಇದೇ ಹೆಚ್ಚು ಪ್ರಿಯ. ಬದಲಾಪುರಕ್ಕೆ ಹೆಸರು ತಂದಿರುವ ನೇರಳೆಯ ಹಣ್ಣು ಮುಂಗಾರಿನ ಮುಂಚೆ ಬುಟ್ಟಿಗಳಲ್ಲಿ ಬಂದಾಗ, ಬೀಜ ಬಿಡಿಸಿದ ತಿರುಳನ್ನು ಮೊಸರಿನ ಹುರಿಹಿಟ್ಟಿಗೆ ಹಾಕಿ ನೋಡಬೇಕು. ಒಗರೂ ಹುಳಿಯೂ ಸಿಹಿಯೂ ಕೂಡಿದ ಆ ರುಚಿಗೆ ಬೆಲ್ಲ ಬೇಡವೆನಿಸುತ್ತದೆ. ಅಷ್ಟೂ ಹೊತ್ತಿಲ್ಲದವರು ರಾತ್ರಿಯೇ ಹುರಿಹಿಟ್ಟನ್ನು ಖರ್ಜೂರದ ತಿರುಳು, ತುಪ್ಪ, ಹುರಿದ ಎಳ್ಳುಗಳೊಡನೆ ಉಂಡೆ ಕಟ್ಟಿಟ್ಟುಕೊಂಡರೆ, ಗಾಡಿಯ ನೂಕುನುಗ್ಗಲಿನಲ್ಲಿ ಅಲ್ಲವಾದರೂ ಕಚೇರಿಗೆ ತಲುಪಿದೊಡನೆ ತಿನ್ನಬಹುದು.

ಗರಿಗರಿಯಾದುದೇ ಬೇಕೆಂದು ಹಟ ಹಿಡಿಯುವ ಮಕ್ಕಳಿಗೆ ಉತ್ತರ ಕರ್ನಾಟಕದವರು ನಾಗರಪಂಚಮಿಗೆ ಮಾಡುವ ಜೋಳದ ಅರಳು ಉತ್ತಮ ಪರಿಹಾರ. ಕುರಮುರೆ, ಫುಟಾಣೆ ಮಾರುವ ಅಂಗಡಿಗಳಲ್ಲಿ ‘ಜ್ವಾರೀಚ್ಯಾ ಲಾಹ್ಯಾ’ ಎಂದು ಕೇಳಿದರೆ ಸಿಗುವ ಇದನ್ನು ಬಟ್ಟಲಿಗೆ ಹಾಕಿ ಹಾಲೆರೆದರೆ, ಪೆಟ್ಟಿಗೆಯ ತಿನಿಸಿಗೂ ಇದಕ್ಕೂ ಮಗುವಿನ ಹಲ್ಲಿಗೆ ತಿಳಿಯುವ ಭೇದ ಅಲ್ಪವೇ. ಪೆಟ್ಟಿಗೆಯನ್ನು ಒಂದೇ ದಿನದಲ್ಲಿ ಅಡಗಿಸಿಟ್ಟರೆ ಮನೆಯಲ್ಲಿ ಅಳುವೇ ಹೆಚ್ಚಾದೀತು. ಮೊದಲ ವಾರ ಅರ್ಧಕ್ಕರ್ಧ ಬೆರೆಸಿ, ಮುಂದೆ ಅರಳಿನ ಪಾಲನ್ನು ಏರಿಸುತ್ತ ಹೋಗುವುದು ಜಾಣತನ.

ಬಿಸಿಯಾದುದನ್ನೇ ಬಯಸುವವರಿಗೆ ಗೋಧಿಯ ನುಚ್ಚು ಉಂಟು; ‘ದಲಿಯಾ’ ಎಂದು ಮಾರುವುದು ಅದನ್ನೇ. ಭಾನುವಾರವೇ ಹುರಿದು ಡಬ್ಬಿಯಲ್ಲಿಟ್ಟುಕೊಂಡು, ಬೆಳಗ್ಗೆ ಕುಕ್ಕರಿನಲ್ಲಿಯೇ ಒಗ್ಗರಣೆ ಹಾಕಿ, ಬಟಾಣಿ, ಗಜ್ಜರಿ, ಒಂದು ಪಾಲು ನುಚ್ಚು, ಮೂರು ಪಾಲು ನೀರು ಸೇರಿಸಿ ಎರಡು ಸೀಟಿ ಕೂಗಿಸಿದರೆ, ಸ್ನಾನ ಮುಗಿಸಿ ಬರುವಷ್ಟರಲ್ಲಿ ಉಪ್ಪಿಟ್ಟು ಸಿದ್ಧ. ಓಟ್ಸ್ ಕೂಡ ಇಡಿಧಾನ್ಯವೇ. ಮಸಾಲೆ ಬೆರೆಸಿದ ಪೊಟ್ಟಣವನ್ನು ಬಿಟ್ಟು ಸಾದಾ ಓಟ್ಸನ್ನು ಆರಿಸಿಕೊಳ್ಳಬೇಕು.

ಮಧುಮೇಹವಿರುವವರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಧಾನ್ಯವು ಅರಳಿ ನುಣ್ಣನೆಯ ಹಿಟ್ಟಾದಷ್ಟೂ ಬೇಗ ಜೀರ್ಣವಾಗಿ ರಕ್ತಕ್ಕೆ ಸಕ್ಕರೆಯನ್ನು ಬಿಡುವುದರಿಂದ, ಅಂಥವರಿಗೆ ಹುರಿಹಿಟ್ಟಿಗಿಂತ ನುಚ್ಚಿನ ಉಪ್ಪಿಟ್ಟು ಮೇಲು. ಹುರಿಹಿಟ್ಟೇ ಬೇಕಾದರೆ ಕಡಿಮೆ ಪ್ರಮಾಣದಲ್ಲಿ, ಮೊಸರು ಈರುಳ್ಳಿಯೊಡನೆ, ವೈದ್ಯರನ್ನು ಕೇಳಿಕೊಂಡು ತಿನ್ನುವುದು ಕ್ಷೇಮ. ಚಿಕ್ಕ ಮಕ್ಕಳ ಬಾಯಿಗೆ ಒಣಹಿಟ್ಟನ್ನು ಹಾಕಲೇಬಾರದು, ಗಂಟಲಿಗೆ ಅಡರುತ್ತದೆ. ಚಹಾವು ಧಾನ್ಯದೊಳಗಿನ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುವುದರಿಂದ, ಉಪಾಹಾರದ ಜತೆಗೇ ಕುಡಿಯದೆ ಒಂದು ಗಂಟೆಯ ಅಂತರವಿಡಬೇಕು. ಖಾರದ ಹುರಿಹಿಟ್ಟಿಗೆ ಅರ್ಧ ನಿಂಬೆಹಣ್ಣನ್ನು ಹಿಂಡಿದರೆ ಅದೇ ಕಬ್ಬಿಣಾಂಶ ಹೆಚ್ಚು ದಕ್ಕುತ್ತದೆ.

ಇನ್ನು ಶೇಖರಣೆಯ ಮಾತು. ಮೊಳಕೆಗಣ್ಣಿನ ಎಣ್ಣೆಯಂಶವನ್ನು ಉಳಿಸಿಕೊಂಡಿರುವುದರಿಂದ ಇಡಿಧಾನ್ಯದ ಹಿಟ್ಟು ಮೈದಾದಷ್ಟು ಕಾಲ ಬಾಳದು. ವಾರಕ್ಕೆ ಮೂರು ದಿನ ಬಳಸುವ ನಾಲ್ವರಿಗೆ ಮೇಲಿನ ಪ್ರಮಾಣವು ಎರಡು ವಾರಕ್ಕೆ ಸಾಕಾಗುವಂತಿದ್ದು, ಬೇಸಗೆ ಚಳಿಗಾಲಗಳಲ್ಲಿ ಬಿಗಿಮುಚ್ಚಳದ ಡಬ್ಬಿಯಲ್ಲಿ ಚೆನ್ನಾಗಿ ಉಳಿಯುತ್ತದೆ. ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೂ ಬೆವರುವ ಇಲ್ಲಿಯ ಮಳೆಗಾಲದಲ್ಲಿ ಅರ್ಧ ಕಿಲೋ ರಾಗಿಯನ್ನಷ್ಟೇ ಹುರಿದು, ಗಾಜಿನ ಭರಣಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟು, ಒಣಗಿದ ಚಮಚದಿಂದಲೇ ತೆಗೆಯಬೇಕು. ಮುಗ್ಗಲು ವಾಸನೆಯೋ ನಾಲಗೆಗೆ ಕಹಿಯೋ ತಿಳಿದುಬಂದರೆ, ಬಿಸಿಲಿಗೆ ಹಾಕಿ ಸುಧಾರಿಸುವ ಪ್ರಯತ್ನವನ್ನು ಮಾಡದೆ ಚೆಲ್ಲಿಬಿಡತಕ್ಕದ್ದು.