ಪರದೇಶದಲ್ಲಿ ನಿಯಮದ ಅನ್ನ

ಹಸಿವು ಸಕಲ ಪ್ರಾಣಿಗಳಿಗೂ ಸಮಾನವಾದುದು. ಆದರೆ ಹಸಿದಾಗಲೂ 'ಇದನ್ನು ಉಣ್ಣುವೆನು, ಇದನ್ನು ಉಣ್ಣೆನು' ಎಂದು ತನಗೆ ತಾನೇ ಗೆರೆಯನ್ನು ಎಳೆದುಕೊಳ್ಳುವವನು ಮನುಷ್ಯನೊಬ್ಬನೇ. ಏಕಾದಶಿಯಂದು ಅನ್ನವನ್ನು ಬಿಡುವವರು, ಸೂರ್ಯಾಸ್ತದ ತರುವಾಯ ಉಣ್ಣದ ಜೈನರು, ರಂಜಾನ್ ತಿಂಗಳಿನಲ್ಲಿ ಹಗಲೆಲ್ಲ ನೀರನ್ನೂ ಮುಟ್ಟದ ಮುಸಲ್ಮಾನರು, ಇವರೆಲ್ಲರೂ ನಮ್ಮ ಹೈದರಾಬಾದು ನಗರದಲ್ಲಿ ನೆರೆಹೊರೆಯವರಾಗಿ ಬಾಳುತ್ತಿದ್ದಾರೆ. ಮನೆಯಲ್ಲಿರುವಾಗ ಇಂತಹ ನಿಯಮವನ್ನು ಪಾಲಿಸುವುದು ಕಷ್ಟವಲ್ಲ. ತಾಯಿಯೋ ಅಜ್ಜಿಯೋ ನಮ್ಮ ಪರವಾಗಿ ಅದನ್ನು ಕಾಯುತ್ತಿರುತ್ತಾರೆ. ಹೊಸ್ತಿಲು ದಾಟಿ ಅಪರಿಚಿತವಾದ ಊರಿಗೆ ಹೋದಾಗಲೇ ನಿಯಮಕ್ಕೂ ನಿಯಮಸ್ಥನಿಗೂ ನಿಜವಾದ ಪರೀಕ್ಷೆ. ಆ ಪರೀಕ್ಷೆಯನ್ನು ಬೇರೆ ಬೇರೆ ಜನರು ಹೇಗೆ ಎದುರಿಸಿದರು, ಅದರಲ್ಲಿ ನಮ್ಮ ಕನ್ನಡ ನಾಡಿನವರ ಪಾತ್ರವೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

೧. ಕೋಷರ್ ಎಂದರೇನು?

ಲೋಕದ ಆಹಾರನಿಯಮಗಳಲ್ಲಿ ಬಹು ಪ್ರಾಚೀನವೂ ಬಹು ವಿವರವಾದುದೂ ಆದ ನಿಯಮವೊಂದು ಯಹೂದ್ಯರದು. ಅದಕ್ಕೆ ಒಪ್ಪುವ ಆಹಾರವನ್ನು 'ಕೋಷರ್' ಎನ್ನುತ್ತಾರೆ. ಇದು ಹೀಬ್ರೂ ಭಾಷೆಯ ಶಬ್ದ; 'ತಕ್ಕುದು, ಯೋಗ್ಯವಾದುದು' ಎಂದು ಇದರ ಅರ್ಥ. ಸೀಳುಗೊರಸು ಇದ್ದು ಮೆಲುಕು ಹಾಕುವ ಪ್ರಾಣಿಯ ಮಾಂಸವನ್ನು ಮಾತ್ರ ತಿನ್ನಬಹುದು. ಹಂದಿಗೆ ಸೀಳುಗೊರಸು ಉಂಟು, ಮೆಲುಕಿಲ್ಲ, ಒಂಟೆಗೆ ಮೆಲುಕು ಉಂಟು, ತಕ್ಕ ಗೊರಸಿಲ್ಲ, ಎರಡೂ ವರ್ಜ್ಯ. ರೆಕ್ಕೆಯೂ ಪೊರೆಯೂ ಇರುವ ಮೀನು ಸಲ್ಲುತ್ತದೆ. ಏಡಿ, ಸಿಗಡಿಗಳು ಸಲ್ಲವು. ರಕ್ತವಂತೂ ಸರ್ವಥಾ ನಿಷಿದ್ಧ. ಬೈಬಲಿನ ಯಾಜಕಕಾಂಡದ 11ನೆಯ ಅಧ್ಯಾಯದಲ್ಲಿಯೂ ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದಲ್ಲಿಯೂ ಈ ವಿಧಿಗಳಿವೆ.

ಇದರ ಮೇಲೆ ಇನ್ನೊಂದು ಕಟ್ಟಳೆಯಿದೆ. ಹಾಲನ್ನೂ ಮಾಂಸವನ್ನೂ ಕೂಡಿಸಿ ಉಣ್ಣಬಾರದು. ಒಂದೇ ಊಟದಲ್ಲಿ ಎರಡೂ ಬರುವಂತಿಲ್ಲ. ಅಷ್ಟೇ ಏಕೆ, ಹಾಲಿನ ಅಡಿಗೆಗೆ ಬೇರೆ ಪಾತ್ರೆ, ಮಾಂಸದ ಅಡಿಗೆಗೆ ಬೇರೆ ಪಾತ್ರೆ, ತೊಳೆಯುವ ಎಡೆಯೂ ಬೇರೆ. ಇದನ್ನು ಕೇಳಿ ನಗಬೇಕಾಗಿಲ್ಲ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಅನ್ನ ಮುಟ್ಟಿದ ಮುಸುರೆಯ ಕೈಯಿಂದ ಹಾಲು ಮೊಸರಿನ ಪಾತ್ರೆಯನ್ನೋ ಉಪ್ಪಿನಕಾಯಿಯ ಜಾಡಿಯನ್ನೋ ಮುಟ್ಟಹೊರಟ ಹುಡುಗನನ್ನು ಅಜ್ಜಿ ಗದರಿಸಿರುವುದುಂಟಷ್ಟೆ? ಯಹೂದ್ಯರ ಅಜ್ಜಿಯರೂ ಹಾಗೆಯೇ ಗದರಿಸುತ್ತಾರೆ. ವಿವರ ಬೇರೆ, ಕಾಯುವ ಬಗೆ ಒಂದೇ.

೨. ಯುರೋಪಿನ ನಗರದಲ್ಲಿ ಯಾತ್ರಿಕ

ನಿಯಮಸ್ಥನಾದ ಯಹೂದ್ಯನೊಬ್ಬನು ಪ್ಯಾರಿಸ್ ನಗರಕ್ಕೆ ಬಂದನೆಂದು ಭಾವಿಸೋಣ. ಹೋಟೆಲುಗಳು ಸಾವಿರಾರು, ಅವನಿಗೆ ಒದಗುವುವು ಕೆಲವು ಮಾತ್ರ. ಪಲ್ಯದಲ್ಲಿ ಮಾಂಸವಿಲ್ಲವೆಂಬ ಮಾತು ಅವನಿಗೆ ಸಾಲದು. ಅದನ್ನು ಬೇಯಿಸಿದ ಪಾತ್ರೆ ಯಾವುದು, ಸೊಪ್ಪಿನಲ್ಲಿ ಹುಳುವಿಲ್ಲವೆಂದು ನೋಡಿದವರು ಯಾರು ಎಂಬ ಪ್ರಶ್ನೆಗಳೂ ಉಂಟು. ಆದುದರಿಂದ ಅವನು ಮೊದಲು ತನ್ನವರ ಪ್ರಾರ್ಥನಾಮಂದಿರವಾದ ಸಿನಗಾಗ್ ಎಲ್ಲಿದೆಯೆಂದು ಕೇಳುತ್ತಾನೆ. ಅದರ ಸುತ್ತಮುತ್ತ ಅವನ ಬೇಕರಿಯೂ ಊಟದ ಮನೆಯೂ ಇರುವುದು ರೂಢಿ. ಪ್ಯಾರಿಸಿನ ಮಾರೇ ಎಂಬ ಭಾಗದಲ್ಲಿರುವ ರೋಜಿಯೇ ಬೀದಿ, ಲಂಡನ್ನಿನ ಗೋಲ್ಡರ್ಸ್ ಗ್ರೀನ್, ಬೆಲ್ಜಿಯಮಿನ ಆಂಟ್ವರ್ಪ್ ನಗರ, ರೋಮಿನ ಹಳೆಯ ಯಹೂದ್ಯ ಕೇರಿ, ಇವೆಲ್ಲ ಇಂತಹ ಸ್ಥಳಗಳು. ರೋಮಿನ ಆ ಕೇರಿಯು 1555ರಲ್ಲಿ ಪೋಪ್ ನಾಲ್ಕನೆಯ ಪೌಲನ ಆಜ್ಞೆಯಿಂದ ಯಹೂದ್ಯರನ್ನು ಗೋಡೆಯೊಳಗೆ ಕೂಡಿಹಾಕಿದ ಸ್ಥಳ. ಅಂದು ಸೆರೆಯಾಗಿದ್ದ ಎಡೆಯಲ್ಲಿ ಇಂದು ಯಾತ್ರಿಕನು ಸ್ವೇಚ್ಛೆಯಿಂದ ಕುಳಿತು ಉಣ್ಣುತ್ತಾನೆ.

ಊಟದ ಮನೆ ಸಿಕ್ಕಿದರೂ ಅವನು ಗೋಡೆಯ ಮೇಲಿನ ಪ್ರಮಾಣಪತ್ರವನ್ನು ನೋಡದೆ ಕುಳಿತುಕೊಳ್ಳುವುದಿಲ್ಲ. ರಬ್ಬಿಗಳೆಂಬ ಧರ್ಮಪಂಡಿತರ ಮಂಡಲಿಯು ಅದನ್ನು ಕೊಡುತ್ತದೆ. ಅಡಿಗೆಮನೆಯಲ್ಲಿ 'ಮಷ್ಗಿಯಾಖ್' ಎಂಬ ಮೇಲ್ವಿಚಾರಕನು ನಿಗಾ ಇಡುತ್ತಾನೆ. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಇಂತಹ ಊಟದ ಮನೆಗಳು ಸಾಮಾನ್ಯವಾಗಿ ಮುಚ್ಚಿರುವುದರಿಂದ ಜಾಣನು ಬುತ್ತಿಯನ್ನು ಮುಂಚಿತವಾಗಿಯೇ ಕೊಂಡಿಡುತ್ತಾನೆ. ಏನೂ ದೊರೆಯದ ಊರಿನಲ್ಲಿ ಹಣ್ಣುಹಂಪಲು ಅವನನ್ನು ಕಾಪಾಡುತ್ತದೆ. ವಿಮಾನದಲ್ಲಿ ಅವನ ಊಟಕ್ಕೆ ಎರಡು ಸುತ್ತಿನ ಹೊದಿಕೆ ಹಾಕಿ ಮುದ್ರೆಯೊತ್ತಿರುತ್ತಾರೆ. ಆಗ ಬೇರೆ ಅಡಿಗೆಯೊಡನೆ ಒಂದೇ ಒಲೆಯಲ್ಲಿ ಬಿಸಿಮಾಡಿದರೂ ಬಾಧೆಯಿಲ್ಲ.

ಇಲ್ಲಿ ಗಮನಿಸಬೇಕಾದ ತತ್ತ್ವವಿದು: ಉಣ್ಣುವವನು ಅಡಿಗೆಯನ್ನು ತಾನು ನೋಡಿಲ್ಲ. ನೋಡಿದವನೊಬ್ಬನು ಸಾಕ್ಷಿ ಹೇಳಿದ್ದಾನೆ. ಆ ಸಾಕ್ಷಿಯನ್ನು ನಂಬಿ ಇವನು ಉಣ್ಣುತ್ತಾನೆ. ಪರದೇಶದಲ್ಲಿ ನಿಯಮವು ನಿಲ್ಲುವುದು ನಂಬಿಕೆಯ ಮೇಲೆ.

೩. ಸೂಪನ್ನು ಕುರಿತು ಕೇಳಿದ ತರುಣ

ಸಾಕ್ಷಿಯೇ ಇಲ್ಲದ ಊರಿನಲ್ಲಿ ಏನು ಗತಿ? 1888ರಲ್ಲಿ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಲಂಡನ್ನಿಗೆ ಹೋದ ಮೋಹನದಾಸ ಗಾಂಧಿಯವರ ಅನುಭವ ಇದಕ್ಕೆ ಉತ್ತರವನ್ನು ಹೇಳುತ್ತದೆ. ಮಾಂಸವನ್ನು ಮುಟ್ಟೆನೆಂದು ಅವರು ತಾಯಿಗೆ ಮಾತು ಕೊಟ್ಟಿದ್ದರು. ಅಗ್ಗದ ಊಟದ ಮನೆಗಳಲ್ಲಿ ಬರಿಯ ಬ್ರೆಡ್ಡನ್ನು ತಿಂದು, ಸಸ್ಯಾಹಾರದ ಹೋಟೆಲನ್ನು ಅರಸುತ್ತ ಮೈಲಿಗಟ್ಟಲೆ ನಡೆದರು. ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಅಂಥದೊಂದು ಕಣ್ಣಿಗೆ ಬಿತ್ತು. ಇಂಗ್ಲೆಂಡಿಗೆ ಬಂದಮೇಲೆ ಹೊಟ್ಟೆತುಂಬ ಉಂಡುದು ಅಂದೇ ಮೊದಲು. ಬಾಗಿಲ ಬಳಿ ಮಾರಾಟಕ್ಕಿಟ್ಟಿದ್ದ ಹೆನ್ರಿ ಸಾಲ್ಟ್ ಎಂಬವರ ಪುಸ್ತಕವನ್ನು ಒಂದು ಷಿಲಿಂಗಿಗೆ ಕೊಂಡರು. ಅದುವರೆಗೆ ತಾಯಿಗೆ ಕೊಟ್ಟ ಮಾತಿಗಾಗಿ ಸಸ್ಯಾಹಾರಿಯಾಗಿದ್ದವರು, ಅದನ್ನು ಓದಿದ ಬಳಿಕ ಸ್ವಂತ ವಿಚಾರದಿಂದ ಸಸ್ಯಾಹಾರಿಯಾದರು.

ಇನ್ನೊಂದು ಪ್ರಸಂಗವೂ ಅವರ ಆತ್ಮಕಥೆಯಲ್ಲಿದೆ. ಮಿತ್ರರೊಬ್ಬರು ಅವರನ್ನು ಹೋಬರ್ನ್ ಎಂಬ ಭಾರಿ ಹೋಟೆಲಿಗೆ ಊಟಕ್ಕೆ ಕರೆದೊಯ್ದರು. ಮೊದಲು ಸೂಪು ಬಂದಿತು. ಅದು ಯಾವುದರಿಂದ ಮಾಡಿದುದೆಂದು ತಿಳಿಯಲು ಗಾಂಧಿಯವರು ಬಡಿಸುವವನನ್ನು ಕರೆದರು. ಸಭ್ಯರ ನಡುವೆ ಹೀಗೆ ವಿಚಾರಿಸುವುದು ಅಪಮಾನವೆಂದು ಮಿತ್ರರು ಸಿಡಿಮಿಡಿಗೊಂಡು, ಬೇರೆಲ್ಲಿಯಾದರೂ ಉಂಡು ಹೊರಗೆ ಕಾಯುವಂತೆ ಹೇಳಿದರು. ಗಾಂಧಿಯವರು ಸಂತೋಷದಿಂದ ಎದ್ದು ಹೋದರು. ಹತ್ತಿರದ ಸಸ್ಯಾಹಾರದ ಹೋಟೆಲು ಮುಚ್ಚಿತ್ತು. ಅಂದು ರಾತ್ರಿ ಉಪವಾಸ. ಆದರೂ ಆ ಮಿತ್ರರ ಸ್ನೇಹಕ್ಕೆ ಭಂಗ ಬರಗೊಡಲಿಲ್ಲ. ನಿಯಮವನ್ನೂ ಬಿಡಲಿಲ್ಲ, ಸ್ನೇಹವನ್ನೂ ಬಿಡಲಿಲ್ಲ. ಬಿಟ್ಟುದು ಒಂದು ಹೊತ್ತಿನ ಊಟವನ್ನು ಮಾತ್ರ. ವಿದ್ಯಾರ್ಥಿಗಳು ಈ ಲೆಕ್ಕವನ್ನು ಚೆನ್ನಾಗಿ ಮನಸ್ಸಿನಲ್ಲಿಡಬೇಕು.

೪. 'ಉಡುಪಿ' ಎಂಬ ಫಲಕ

ಈಗ ನಮ್ಮ ನಾಡಿಗೆ ಬರೋಣ. ರೈಲು ಬಂದು, ಜನರು ಉದ್ಯೋಗಕ್ಕಾಗಿ ಮದರಾಸು, ಮುಂಬಯಿಗಳಿಗೆ ಹೋಗತೊಡಗಿದಾಗ ಆಚಾರವಂತರಿಗೆ ಇದೇ ಚಿಂತೆ ಹುಟ್ಟಿತು: ಪರಸ್ಥಳದಲ್ಲಿ ಉಣ್ಣುವುದೆಲ್ಲಿ? ಈ ಚಿಂತೆಯನ್ನು ಕಳೆದವರಲ್ಲಿ ದಕ್ಷಿಣ ಕನ್ನಡದ ಅಡಿಗೆಯವರು ಅಗ್ರಗಣ್ಯರು. ಉಡುಪಿಯಲ್ಲಿ ಹದಿಮೂರನೆಯ ಶತಮಾನದ ಮಧ್ವಾಚಾರ್ಯರು ಪ್ರತಿಷ್ಠಿಸಿದ ಕೃಷ್ಣನ ಪೂಜೆಯನ್ನು ಎಂಟು ಮಠಗಳು ಎರಡೆರಡು ವರ್ಷದ ಪರ್ಯಾಯದಂತೆ ನಡೆಸುತ್ತವೆ. ಯಾತ್ರಿಕರಿಗೆ ಅನ್ನಸಂತರ್ಪಣೆಯು ಆ ಪೂಜೆಯ ಅಂಗವೇ ಆಗಿದೆ. ಸಾವಿರಾರು ಎಲೆಗೆ ಒಮ್ಮೆಲೇ ಬಡಿಸುವ, ಕಾಲಕ್ಕೆ ತಪ್ಪದ, ಶುಚಿಯಾದ ಅಡಿಗೆಯ ವಿದ್ಯೆ ಅಲ್ಲಿ ತಲೆಮಾರುಗಳಿಂದ ಬೆಳೆದುಬಂದಿತು. ಚಾತುರ್ಮಾಸದ ನಾಲ್ಕು ತಿಂಗಳಲ್ಲಿ ಕ್ರಮವಾಗಿ ತರಕಾರಿ, ಮೊಸರು, ಹಾಲು, ದ್ವಿದಳ ಧಾನ್ಯಗಳನ್ನು ತೊರೆದೂ ರುಚಿಗೆಡದಂತೆ ಅಡಿಗೆ ಮಾಡಬೇಕಾದವರು ಎಷ್ಟು ಕುಶಲರಾಗಿರಬೇಕು! ಸೀಮೆಯಲ್ಲಿ ಬಡತನವಿದ್ದಿತು, 1923ರ ಮಹಾಪ್ರವಾಹ ಅದನ್ನು ಹೆಚ್ಚಿಸಿತು. ತರುಣರು ಸೌಟನ್ನು ಹಿಡಿದು ಊರು ಬಿಟ್ಟರು.

ಕಡಂದಲೆಯ ಕೆ. ಕೃಷ್ಣರಾಯರು ಮದರಾಸಿಗೆ ಹೋಗಿ 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದರು. ಎ. ರಾಮನಾಯಕರು ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಪ್ರಾರಂಭಿಸಿದರು. ಹೀಗೆ ಊರೂರಿನಲ್ಲಿ 'ಉಡುಪಿ' ಎಂಬ ಮೂರಕ್ಷರದ ಫಲಕವು ಪ್ರಯಾಣಿಕನಿಗೆ ಸಾಕ್ಷಿಪತ್ರವಾಯಿತು. ಯಹೂದ್ಯನಿಗೆ ರಬ್ಬಿಗಳ ಮುದ್ರೆ ಹೇಗೋ, ನಮ್ಮ ಸಸ್ಯಾಹಾರಿ ಯಾತ್ರಿಕನಿಗೆ ಈ ಫಲಕವು ಹಾಗೆ. ಮುದ್ರೆಯ ಹಿಂದೆ ಧರ್ಮಮಂಡಲಿಯಿತ್ತು. ಫಲಕದ ಹಿಂದೆ ಇದ್ದುದು ಅಡಿಗೆಯವನ ಮರ್ಯಾದೆಯೊಂದೇ.

ಇವರಲ್ಲಿ ಒಬ್ಬರ ಕಥೆ ಯುರೋಪಿಗೂ ಸಂಬಂಧಿಸಿದುದು. ಉಡುಪಿಯ ಸೀಮೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು ಬೆಂಗಳೂರಿನಲ್ಲಿ 1924ರಲ್ಲಿ ಬ್ರಾಹ್ಮಿನ್ ಕಾಫಿ ಕ್ಲಬ್ ಎಂಬ ಉಪಾಹಾರಗೃಹವನ್ನು ತೆರೆದರು. ಅವರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿನ ಪ್ರವಾಸ ಕೈಗೊಂಡರು. ಅಲ್ಲಿಯ ಹೋಟೆಲುಗಳು ನಡೆಯುವ ಬಗೆಯನ್ನೂ ಶುಚಿತ್ವವನ್ನೂ ಕಣ್ಣಿಟ್ಟು ನೋಡಿದರು. ಹಿಂತಿರುಗಿದ ಮೇಲೆ ಪಾತ್ರೆಗಳನ್ನು ಹಬೆಯಿಂದ ಶುದ್ಧಿಮಾಡುವ ಪದ್ಧತಿಯನ್ನು ತಂದರು. ಅಡಿಗೆಮನೆಯನ್ನು ಗಿರಾಕಿಗಳ ಕಣ್ಣಿಗೆ ತೆರೆದಿಟ್ಟರು. 1960ರಲ್ಲಿ ಸಂಸ್ಥೆಯು ಲಾಲ್‌ಬಾಗ್ ರಸ್ತೆಯ ಹೊಸ ಕಟ್ಟಡಕ್ಕೆ ಬಂದಿತು. ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರು ನೆಲೆಗೊಂಡಿತು. ಇಂದು ಎಲ್ಲರೂ ಎಂ.ಟಿ.ಆರ್. ಎನ್ನುವುದು ಇದನ್ನೇ. ಈ ಬದಲಾವಣೆಯ ಅರ್ಥವು ದೊಡ್ಡದು. ಮೊದಲು ಫಲಕದ ಮೇಲಿನ ಜಾತಿಯ ಹೆಸರೇ ಶುಚಿತ್ವಕ್ಕೆ ಸಾಕ್ಷಿಯಾಗಿದ್ದಿತು. ಆಮೇಲೆ ಹಬೆಯಾಡುವ ಪಾತ್ರೆಯೂ ತೆರೆದ ಅಡಿಗೆಮನೆಯೂ ಸಾಕ್ಷಿಯಾದವು. ಈ ಎರಡನೆಯ ಸಾಕ್ಷಿಯನ್ನು ಯಾವ ಜಾತಿಯವನಾದರೂ ಒದಗಿಸಬಲ್ಲನು, ಯಾವ ಜಾತಿಯವನಾದರೂ ಪರೀಕ್ಷಿಸಬಲ್ಲನು.

೫. ನಿಯಮ ಯಾರ ಮೇಲೆ?

ಇಲ್ಲಿ ಕಹಿಯಾದ ಮಾತೊಂದನ್ನು ಮರೆಮಾಚಬಾರದು. ಹಿಂದೆ ದಕ್ಷಿಣದ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕವಾದ ಸ್ಥಳವಿದ್ದಿತು. ಅಸ್ಪೃಶ್ಯರೆಂದು ಹೇಳಲ್ಪಟ್ಟವರಿಗೆ ಎಷ್ಟೋ ಕಡೆ ಒಳಗೆ ಪ್ರವೇಶವೇ ಇರಲಿಲ್ಲ. ಹಸಿದು ಬಂದವನನ್ನು ಹುಟ್ಟನ್ನು ನೋಡಿ ಹೊರಗೆ ನಿಲ್ಲಿಸುವುದಕ್ಕಿಂತ ಹೆಚ್ಚಿನ ಅಶುಚಿ ಯಾವುದು? 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು 15ನೆಯ ಅನುಚ್ಛೇದದಲ್ಲಿ, ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಮುಂತಾದವುಗಳ ಕಾರಣದಿಂದ ಯಾರನ್ನೂ ಹೋಟೆಲಿನಿಂದ ದೂರವಿಡಕೂಡದೆಂದು ವಿಧಿಸಿತು. 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನೇ ರದ್ದುಗೊಳಿಸಿತು. 1955ರಲ್ಲಿ ಅದನ್ನು ಶಿಕ್ಷಾರ್ಹವಾಗಿಸುವ ಕಾಯಿದೆಯೂ ಬಂದಿತು. 1957ರಲ್ಲಿ ಮದರಾಸಿನ ಮುರಳಿ ಕೆಫೆಯ ಫಲಕದಲ್ಲಿದ್ದ 'ಬ್ರಾಹ್ಮಣ' ಎಂಬ ಪದವನ್ನು ತೆಗೆಯಬೇಕೆಂದು ಪೆರಿಯಾರ್ ರಾಮಸ್ವಾಮಿಯವರ ಅನುಯಾಯಿಗಳು ತಿಂಗಳುಗಟ್ಟಲೆ ಚಳವಳಿ ನಡೆಸಿ ಸೆರೆಮನೆಗೆ ಹೋದರು.

ಆದುದರಿಂದ ಎರಡು ಬಗೆಯ ನಿಯಮಗಳನ್ನು ಬೇರ್ಪಡಿಸಿ ತಿಳಿಯುವುದು ಅವಶ್ಯ. ನನ್ನ ಎಲೆಗೆ ಏನು ಬರಬೇಕೆಂಬುದು ಒಂದು. ನನ್ನ ಪಕ್ಕದ ಎಲೆಗೆ ಯಾರು ಕೂಡಬೇಕೆಂಬುದು ಇನ್ನೊಂದು. ಮೊದಲನೆಯದು ವ್ರತ, ಅದು ನನ್ನನ್ನು ಕಟ್ಟುತ್ತದೆ. ಎರಡನೆಯದು ಪರರನ್ನು ಕಟ್ಟಹೋಗುತ್ತದೆ. ಅದಕ್ಕೆ ವ್ರತವೆಂಬ ಹೆಸರು ಸಲ್ಲದು.

೬. ಹೊರಡುವವರಿಗೆ ಕೆಲವು ತಿಳಿವಳಿಕೆಗಳು

ಈ ಶಾಲೆಯ ಮಕ್ಕಳಲ್ಲಿಯೂ ಕೆಲವರು ಮುಂದೆ ಹೊರದೇಶಗಳಿಗೆ ಓದಲು ಹೋಗುವರು. ಅವರಿಗೆ ಉಪಯುಕ್ತವಾದ ಸಂಗತಿಗಳು ಇವು. ವಿಮಾನದ ವಿಶೇಷ ಊಟವನ್ನು ಮುಂಚಿತವಾಗಿ ಕೇಳಬೇಕು. ಅದಕ್ಕೆ ಸಂಕೇತಾಕ್ಷರಗಳಿವೆ: ಕೋಷರಿಗೆ ಕೆ.ಎಸ್.ಎಂ.ಎಲ್., ಮುಸಲ್ಮಾನರ ಊಟಕ್ಕೆ ಎಂ.ಓ.ಎಂ.ಎಲ್., ಜೈನರ ಊಟಕ್ಕೆ ವಿ.ಜೆ.ಎಂ.ಎಲ್., ಭಾರತೀಯ ರೀತಿಯ ಸಸ್ಯಾಹಾರಕ್ಕೆ ಎ.ವಿ.ಎಂ.ಎಲ್. ಎಚ್.ಎನ್.ಎಂ.ಎಲ್. ಎಂಬ 'ಹಿಂದೂ ಊಟ'ದಲ್ಲಿ ಗೋಮಾಂಸವಿರದು, ಆದರೆ ಕೋಳಿ, ಕುರಿಗಳ ಮಾಂಸವಿರಬಹುದು. ಹೆಸರನ್ನು ನೋಡಿ ಮೋಸಹೋಗಬಾರದು.

ನಮ್ಮ ದೇಶದ ಪೊಟ್ಟಣಗಳ ಮೇಲಿರುವ, ಹಸಿರು ಚೌಕದೊಳಗಿನ ಹಸಿರು ಚುಕ್ಕೆಯು ಯುರೋಪಿನಲ್ಲಿ ಕಡ್ಡಾಯವಲ್ಲ. ಅಲ್ಲಿ ಪದಾರ್ಥಗಳ ಪಟ್ಟಿಯನ್ನೇ ಓದಬೇಕು. ಹಾಲು, ಮೊಟ್ಟೆ, ಮೀನು ಮುಂತಾದ ಹದಿನಾಲ್ಕು ಬಗೆಯ ಪದಾರ್ಥಗಳನ್ನು, ಅವು ಕೆಲವರ ಮೈಗೆ ಒಗ್ಗದ ಕಾರಣ, ಎದ್ದು ಕಾಣುವ ಅಕ್ಷರದಲ್ಲಿ ಅಚ್ಚುಹಾಕಿರುತ್ತಾರೆ. ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಗಳಿಂದ ಬರುತ್ತದೆ. ಇ 120 ಎಂಬ ಕೆಂಪು ಬಣ್ಣವು ಒಂದು ಜಾತಿಯ ಕೀಟದಿಂದ ಆದುದು. ಇಟಲಿಯ ಪ್ರಸಿದ್ಧವಾದ ಪಾರ್ಮಿಜಾನೊ ಗಿಣ್ಣಿಗೆ ಹಾಲನ್ನು ಒಡೆಯಿಸಲು ಕರುವಿನ ಜಠರದ ರಸವನ್ನು ಬಳಸುತ್ತಾರೆ. ಓದಲು ಬಾರದ ಭಾಷೆಯಾದರೆ ಅಂಗಡಿಯವನನ್ನು ವಿನಯದಿಂದ ಕೇಳುವುದೇ ಉಪಾಯ. ಕೇಳುವುದರಲ್ಲಿ ನಾಚಿಕೆಯಿಲ್ಲ.

ಹೊರದೇಶದ ಮಾತು ಹಾಗಿರಲಿ. ದಿಲ್‌ಸುಖ್‌ನಗರದಲ್ಲಿ ಕೋಚಿಂಗ್ ತರಗತಿಗಳಿಗಾಗಿ ಊರೂರುಗಳಿಂದ ಬಂದ ತರುಣರು ಹಾಸ್ಟೆಲುಗಳಲ್ಲಿ ತುಂಬಿದ್ದಾರೆ. ಅವರಿಗೆ ಇದೇ ಪರಸ್ಥಳ. ಒಬ್ಬನಿಗೆ ಬೆಳ್ಳುಳ್ಳಿ ಆಗದು, ಒಬ್ಬನಿಗೆ ಹಲಾಲ್ ಅಲ್ಲದ ಮಾಂಸ ಆಗದು, ಒಬ್ಬನಿಗೆ ಊರಿನ ಜೋಳದ ರೊಟ್ಟಿಯಿಲ್ಲದೆ ಹೊಟ್ಟೆ ತುಂಬದು. ನಿಮ್ಮ ತರಗತಿಯಲ್ಲಿ ಬುತ್ತಿ ಬಿಚ್ಚುವಾಗಲೂ ಹೀಗೆಯೇ. ಜೊತೆಗಾರನು 'ಇದರಲ್ಲಿ ಏನಿದೆ?' ಎಂದು ಕೇಳಿದರೆ ಹಾಸ್ಯಮಾಡದೆ ನಿಜವನ್ನು ಹೇಳಿರಿ. ಆ ಕ್ಷಣದಲ್ಲಿ ಅವನ ನಿಯಮಕ್ಕೆ ನೀವೇ ಸಾಕ್ಷಿ. ಅವನು ಒಲ್ಲೆನೆಂದರೆ ನೊಂದುಕೊಳ್ಳದೆ ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಿರಿ. ಪರರ ನಿಯಮವನ್ನು ಕಾಯಬಲ್ಲವನು ಯಾವ ದೇಶಕ್ಕೆ ಹೋದರೂ ತನ್ನ ನಿಯಮವನ್ನು ಕಾಯುವವರನ್ನು ಪಡೆಯುವನು.

ಮನನಕ್ಕೆ ಪ್ರಶ್ನೆಗಳು

1. ಕೋಷರ್ ಅಡಿಗೆಮನೆಯ ಪಾತ್ರೆಗಳ ವಿಂಗಡಣೆಗೂ ನಮ್ಮ ಮುಸುರೆಯ ಪದ್ಧತಿಗೂ ಇರುವ ಹೋಲಿಕೆಯನ್ನೂ ಭೇದವನ್ನೂ ವಿವರಿಸಿರಿ.

2. ಹೋಬರ್ನ್ ಹೋಟೆಲಿನ ಪ್ರಸಂಗದಲ್ಲಿ ಗಾಂಧಿಯವರು ಯಾವುದನ್ನು ಬಿಟ್ಟರು, ಯಾವುದನ್ನು ಉಳಿಸಿಕೊಂಡರು?

3. 'ವ್ರತವು ನನ್ನನ್ನು ಕಟ್ಟಬೇಕು, ಪರರನ್ನಲ್ಲ.' ನಿಮ್ಮ ಮನೆಯ ಒಂದು ಪದ್ಧತಿಯನ್ನು ಈ ಮಾತಿನಿಂದ ಪರೀಕ್ಷಿಸಿ ಹತ್ತು ವಾಕ್ಯಗಳನ್ನು ಬರೆಯಿರಿ.